ದೇಶ ಸುತ್ತಿ ಕೋಶ ತೊಳೆದದ್ದು

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬ ಗಾದೆಯನ್ನು ಇಪ್ಪತ್ತು ವರ್ಷಗಳಿಂದ ಹುಡುಗರಿಗೆ ಹೇಳಿಕೊಂಡು ಬಂದಿದ್ದೇನೆ. ಎರಡರಲ್ಲಿ ಎರಡನೆಯದು ಅಗ್ಗವಾದುದರಿಂದ ಕನ್ನಡ ಮೇಷ್ಟರಿಗೆ ಸಲ್ಲತಕ್ಕದ್ದು ಅದೇ ಎಂದು ನಂಬಿ ಬದುಕಿದವನು ನಾನು. 2024ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಸಮುದ್ರ ದಾಟಿ ಆಸ್ಟ್ರೇಲಿಯದ ಬ್ರಿಸ್ಬೇನಿಗೆ, ಅಣ್ಣನ ಮನೆಗೆ ಹೋದೆ. ಅಲ್ಲಿ ನನ್ನ ಪಾಲಿಗೆ ಬಂದ ಕೋಶ ಪದಗಳದ್ದಲ್ಲ. ಗೇಣುದ್ದದ ಪ್ಲಾಸ್ಟಿಕ್ ಕೊಳವೆಯೊಳಗೆ ಆರೇಳು ಲೋಹದ ತಗಡುಗಳನ್ನು ಒತ್ತಾಗಿ ನಿಲ್ಲಿಸಿದ ವಿದ್ಯುತ್ಕೋಶ. ಅದನ್ನು ಓದುವುದಕ್ಕೆ ನನಗೆ ಹದಿನೇಳು ದಿನ ಹಿಡಿಯಿತು, ಆರು ಮೂಟೆ ಉಪ್ಪು ಹಿಡಿಯಿತು.

ಅಣ್ಣನ ಬಲಮಂಡಿಗೆ ಸೆಪ್ಟೆಂಬರಿನಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಸವೆದ ಕೀಲನ್ನು ತೆಗೆದು ಲೋಹದ್ದನ್ನು ಕೂಡಿಸಿದ್ದರು. ಗಾಯ ಮಾಯ್ದ ಮೇಲೆ ದಿನಕ್ಕೆ ಅರ್ಧ ಗಂಟೆ ಎದೆಮಟ್ಟದ ನೀರಿನಲ್ಲಿ ನಡೆಯಬೇಕೆಂದು ವೈದ್ಯರು ಹೇಳಿದ್ದರು. ಅಷ್ಟು ಆಳದಲ್ಲಿ ಕಾಲಿನ ಮೇಲೆ ಬೀಳುವ ಭಾರ ಸುಮಾರು ಮೂರರಲ್ಲೊಂದು ಪಾಲಿಗೆ ಇಳಿಯುತ್ತದಂತೆ. ಅವನ ಹಿತ್ತಿಲಿನಲ್ಲಿ ಐವತ್ತು ಸಾವಿರ ಲೀಟರಿನ ಈಜುಕೊಳವಿತ್ತು. ನಮ್ಮೂರಿನವರಿಗೆ ಇದು ಕುಬೇರನ ಸಂಪತ್ತಾಗಿ ಕಾಣಬಹುದು. ಅಲ್ಲಿ ಹಿತ್ತಿಲ ಕೊಳ ನಮ್ಮಲ್ಲಿಯ ತುಳಸಿಕಟ್ಟೆಯಷ್ಟಲ್ಲದಿದ್ದರೂ ಬಾವಿಯಷ್ಟು ಸಾಮಾನ್ಯ. ಅತ್ತಿಗೆ ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೋದರೆ ಸಂಜೆಯೇ ಬರುವುದು. ಮಗ ಬೇರೆ ಊರಿನಲ್ಲಿ. ಕೊಳವನ್ನು ನೋಡಿಕೊಳ್ಳುವ ಭಾರ, ಅಣ್ಣ ಕುರ್ಚಿಯಲ್ಲಿ ಕೂತು ಆಜ್ಞೆ ಮಾಡುವುದು ನಾನು ಮಾಡುವುದು ಎಂಬ ಕರಾರಿನ ಮೇಲೆ, ನನ್ನ ಹೆಗಲಿಗೆ ಬಂತು. ಚಿಕ್ಕಂದಿನಿಂದಲೂ ಅವನು ಯಂತ್ರ ಬಿಚ್ಚುವವನು, ನಾನು ಪುಸ್ತಕ ಬಿಚ್ಚುವವನು. ಹೀಗಾಗಿ ಈ ಕರಾರಿನಲ್ಲಿ ಹೊಸದೇನೂ ಇರಲಿಲ್ಲ.

ಉಪ್ಪುನೀರಿನ ಕೊಳವೆಂದರೆ ಸಮುದ್ರದ ನೀರನ್ನು ತಂದು ತುಂಬಿದ್ದೆಂದು ತಿಳಿದಿದ್ದೆ. ಹಾಗಲ್ಲ. ಸಮುದ್ರದಲ್ಲಿ ಲೀಟರಿಗೆ 35 ಗ್ರಾಂ ಉಪ್ಪಿದ್ದರೆ ಇಲ್ಲಿ ನಾಲ್ಕೈದು ಗ್ರಾಂ. ಬಾಯಿಗೆ ಕಣ್ಣೀರಿಗಿಂತಲೂ ಸಪ್ಪೆ. ಕ್ಲೋರಿನ್ ಬೇಡವೆಂದು ಉಪ್ಪು ಹಾಕುತ್ತಾರೆಂಬುದೂ ತಪ್ಪು. ಕ್ಲೋರಿನ್ನೇ ಬೇಕು, ಅದನ್ನು ಮನೆಯಲ್ಲಿಯೇ ಮಾಡಿಕೊಳ್ಳಲು ಉಪ್ಪು. ಪಂಪು ತಳ್ಳುವ ನೀರು ಕೋಶದ ತಗಡುಗಳ ನಡುವೆ ಹಾಯುತ್ತದೆ. ತಗಡುಗಳಿಗೆ ವಿದ್ಯುತ್ತು ಕೊಟ್ಟರೆ ಧನಧ್ರುವದಲ್ಲಿ ಕ್ಲೋರಿನ್, ಋಣಧ್ರುವದಲ್ಲಿ ಜಲಜನಕ ಮತ್ತು ಕ್ಷಾರ. ಕ್ರುಯಿಕ್‌ಶ್ಯಾಂಕ್ ಎಂಬವನು 1800ರಷ್ಟು ಹಿಂದೆಯೇ ಉಪ್ಪುನೀರಿನಲ್ಲಿ ವಿದ್ಯುತ್ತು ಹಾಯಿಸಿ ಇದನ್ನು ಕಂಡಿದ್ದ. ಸೊಗಸೆಂದರೆ, ಆ ಕ್ಲೋರಿನ್ ಪಾಚಿಯನ್ನೂ ಕ್ರಿಮಿಯನ್ನೂ ಕೊಂದು ಮತ್ತೆ ಉಪ್ಪಾಗಿ ನೀರಿಗೇ ಮರಳುತ್ತದೆ. ಉಪ್ಪು ಖರ್ಚಾಗುವುದಿಲ್ಲ. ಈ ಒಂದು ವಾಕ್ಯವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ನಾನು ಇಟ್ಟುಕೊಳ್ಳಲಿಲ್ಲ.

ನಾನು ಹೋದ ನಾಲ್ಕನೆಯ ದಿನ ಆ ಊರಿನ ಬೇಸಿಗೆಯ ಗುಡುಗು ಮಳೆ ಹಿಡಿಯಿತು. ಎರಡು ದಿನದಲ್ಲಿ ನೂರು ಮಿಲಿಮೀಟರು ಬಿದ್ದು ಕೊಳ ತುಂಬಿ ಹರಿಯಿತು. ಮೂರನೆಯ ಬೆಳಿಗ್ಗೆ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿತ್ತು. ಅದರ ಕೆಳಗೆ ‘ಲೋ ಸಾಲ್ಟ್’ ಎಂದು ಬರೆದಿತ್ತು. ಮಳೆನೀರು ಸೇರಿ ಉಪ್ಪು ತಿಳಿಯಾಗಿದೆ. ಎರಡು ಮೂಟೆ ಹಾಕು ಎಂದ ಅಣ್ಣ. ಇಪ್ಪತ್ತು ಕಿಲೋದ ಎರಡು ಮೂಟೆ ಸುರಿದು, ಕೋಲಿನ ಬ್ರಷ್ಷಿನಿಂದ ತಳವನ್ನು ಗೀಚಿ, ಕರಗಲೆಂದು ಒಂದು ಹಗಲೂ ರಾತ್ರಿಯೂ ಕಾದೆವು. ದೀಪ ಆರಲಿಲ್ಲ. ಇನ್ನೆರಡು ಎಂದ. ಹಾಕಿದೆ. ಆರಲಿಲ್ಲ. ಮತ್ತೆರಡು.

ನಾವು ಹುಟ್ಟಿದ್ದು ಗೋಕರ್ಣದ ಹತ್ತಿರ, ಸಾಣಿಕಟ್ಟೆಯ ಉಪ್ಪಿನ ಆಗರಗಳ ಮಗ್ಗುಲಲ್ಲಿ. ಅಘನಾಶಿನಿಯ ಉಬ್ಬರದ ನೀರು ಆಗರಕ್ಕೆ ನುಗ್ಗುವುದನ್ನೂ ಬಿಸಿಲಿಗೆ ಅದು ಹರಳುಗಟ್ಟುವುದನ್ನೂ ನೋಡಿ ಬೆಳೆದವರು. ಒಮ್ಮೆ ಅಂಗಾಲು ಒಡೆದಿದ್ದ ನನ್ನನ್ನು, ಉಪ್ಪು ತಾಗಿ ಉರಿದೀತೆಂದು, ಅಣ್ಣ ಆಗರದ ಬದುವಿನ ಮೇಲೆ ಉದ್ದಕ್ಕೂ ಹೊತ್ತುಕೊಂಡು ಹೋದದ್ದು ನೆನಪಿದೆ. ಅಂಥ ಊರಿನ ಇಬ್ಬರು ಗಂಡಸರು ದೂರದೇಶದಲ್ಲಿ ಕೂತು, ನಾಲಗೆಗೆ ಒಂದು ಹನಿ ನೀರು ಮುಟ್ಟಿಸಿ ನೋಡದೆ, ಒಂದು ದೀಪದ ಮಾತು ಕೇಳಿ 120 ಕಿಲೋ ಉಪ್ಪು ಸುರಿದರೆಂದರೆ ಅಜ್ಜಿ ನಗುತ್ತಿದ್ದಳು.

ಒಂದು ವಾರದಲ್ಲಿ ನೀರು ಮಂಕಾಯಿತು. ಹತ್ತು ದಿನಕ್ಕೆ ಗೋಡೆಗೆ ಪಾಚಿ ಹಿಡಿದು ಹಸಿರಾಯಿತು. ಪರೀಕ್ಷೆಯ ಕೊಳವೆಗೆ ಹನಿ ಹಾಕಿದರೆ ಹಳದಿ ಬಣ್ಣವೇ ಏಳದು, ಕ್ಲೋರಿನ್ ಸೊನ್ನೆ. ಅಂಥ ನೀರಿಗೆ ಹೊಸ ಗಾಯದ ಕಾಲನ್ನು ಇಳಿಸುವಂತಿಲ್ಲ. ಅಣ್ಣನ ನಡಿಗೆ ನಿಂತಿತು. ಮೊದಲೆರಡು ದಿನ ಹಾಲಿನಲ್ಲಿಯೇ ಗೋಡೆ ಹಿಡಿದು ನಡೆದ. ಮೂರನೆಯ ದಿನ ಮಂಡಿ ಬಾತುಕೊಂಡಿತು. ಆಮೇಲೆ ಕುರ್ಚಿಯನ್ನು ಕೊಳದ ಕಡೆಯಿಂದ ತಿರುಗಿಸಿ ಹಾಕಿಸಿಕೊಂಡ. ಆಜ್ಞೆಗಳೂ ಕಡಿಮೆಯಾದವು. ಅತ್ತಿಗೆ ರಾತ್ರಿ ಪಾತ್ರೆ ತೊಳೆಯುತ್ತ, “ಕೊಳ ಮುಚ್ಚಿಸಿ ಮಣ್ಣು ತುಂಬಿಸೋಣ, ನಮ್ಮ ಕೈಲಾಗೋದಿಲ್ಲ” ಎಂದಳು. ಅವನು ಕೇಳಿಸದವನ ಹಾಗೆ ಕೂತಿದ್ದ. ಆ ಮನೆಯನ್ನು ಮಾರಿ ಎಲ್ಲಿಗಾದರೂ ಚಿಕ್ಕದಕ್ಕೆ ಹೋಗುವ ಮಾತು ಮೊದಲೇ ಎದ್ದಿತ್ತೆಂದು ನನಗೆ ಆಗ ತಿಳಿಯಿತು.

ಮರುದಿನ ಒಂದು ಬಾಟಲಿಯಲ್ಲಿ ಕೊಳದ ನೀರು ತುಂಬಿಕೊಂಡು ಕೊಳದ ಸಾಮಾನಿನ ಅಂಗಡಿಗೆ ಹೋದೆ. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಅದನ್ನು ಯಂತ್ರಕ್ಕೆ ಹಾಕಿ ಚೀಟಿ ಕೊಟ್ಟಳು. ಉಪ್ಪು ಲೀಟರಿಗೆ 7 ಗ್ರಾಂ! ನಮ್ಮ ಯಂತ್ರಕ್ಕೆ ಬೇಕಾದದ್ದು ನಾಲ್ಕರಿಂದ ಆರು. ದೀಪ ಕಡಿಮೆ ಎನ್ನುತ್ತದಲ್ಲಮ್ಮ ಎಂದೆ. ಅವಳು ಒಂದೇ ಪ್ರಶ್ನೆ ಕೇಳಿದಳು: ಕೋಶವನ್ನು ಕಡೆಯ ಸಲ ತೊಳೆದದ್ದು ಯಾವಾಗ?

ಬಸ್ಸಿನಲ್ಲಿ ಕೂತು ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಕೊಳದ ಸರಾಸರಿ ಆಳ 1.4 ಮೀಟರು, ನೂರು ಮಿಲಿಮೀಟರು ಮಳೆ ಎಂದರೆ ಅದರ ಹದಿನಾಲ್ಕರಲ್ಲೊಂದು ಪಾಲು. ಐದು ಗ್ರಾಂ ಇದ್ದದ್ದು ಹೆಚ್ಚೆಂದರೆ 4.65ಕ್ಕೆ ಇಳಿದಿರಬೇಕು. ಉಪ್ಪು ಖರ್ಚಾಗುವ ವಸ್ತುವಲ್ಲವೆಂದ ಮೇಲೆ ಒಂದು ಮೂಟೆಯಲ್ಲಿ ತೀರುವ ಕೊರತೆ ಅದು. ದೀಪ ಹಾಗಾದರೆ ಸುಳ್ಳು ಹೇಳಿತೆ? ಹೇಳಲಿಲ್ಲ, ಊಹಿಸಿತು. ಅದಕ್ಕೆ ಉಪ್ಪನ್ನು ಕಾಣುವ ಕಣ್ಣಿಲ್ಲ. ತಗಡುಗಳ ನಡುವೆ ಎಷ್ಟು ವಿದ್ಯುತ್ತು ಹರಿಯಿತೆಂಬುದಷ್ಟೇ ಅದಕ್ಕೆ ಗೊತ್ತು. ಕಡಿಮೆ ಹರಿದರೆ ಉಪ್ಪು ಕಡಿಮೆ ಎಂದು ಬರೆದುಬಿಡುತ್ತದೆ. ನೀರು ತಣ್ಣಗಾದರೂ, ತಗಡಿನ ಲೇಪ ಸವೆದರೂ, ತಗಡಿಗೆ ಸುಣ್ಣ ಕಟ್ಟಿದರೂ ಅದೇ ದೀಪ, ಅದೇ ಎರಡು ಶಬ್ದ. ನಾನಾರ್ಥದ ಪದವನ್ನು ಸಂದರ್ಭ ನೋಡದೆ ಅರ್ಥೈಸಬೇಡಿ ಎಂದು ಬಿ.ಎ. ಹುಡುಗರಿಗೆ ಗದರುವವನು ನಾನು. ಪ್ರತಿಯಲ್ಲಿ ಛಂದಸ್ಸು ಕೆಟ್ಟ ಕಡೆಯಲ್ಲೆಲ್ಲ ಒಂದೊಂದು ಅಕ್ಷರವನ್ನು ಕೈಯಿಂದ ತುಂಬುತ್ತ ಹೋಗುವ ಸಂಪಾದಕರನ್ನು ನಾನು ಎಷ್ಟು ಹಳಿದಿಲ್ಲ!

ಪಂಪಿನ ಗೂಡಿನ ಬಾಗಿಲ ಹಿಂದೆ ಒಂದು ನೋಟುಬುಕ್ಕು ದಾರದಲ್ಲಿ ತೂಗುತ್ತಿದ್ದುದನ್ನು ಬಂದ ದಿನವೇ ಕಂಡಿದ್ದೆ, ತೆರೆದಿರಲಿಲ್ಲ. ಈಗ ತೆರೆದೆ. ಅಣ್ಣನ ದುಂಡು ಅಕ್ಷರ. ‘ಕೋಶ ತೊಳೆದದ್ದು’ ಎಂದು ಕನ್ನಡದಲ್ಲಿ ಬರೆದು, ಮೂರು ಮೂರು ತಿಂಗಳಿಗೆ ತಾರೀಖು ಹಾಕಿದ್ದ. ಒಂಬತ್ತು ವರ್ಷ ಒಂದೂ ತಪ್ಪಿಲ್ಲ. ಕೊನೆಯ ತಾರೀಖು 2023ರ ಮಾರ್ಚಿಯದು. ಅದರ ಮುಂದೆ ಪುಟ ಬಿಳಿದು.

ಪುಸ್ತಕವನ್ನು ಹಿಡಿದು ಅವನ ಎದುರಿಗೆ ಹೋಗಿ ನಿಂತೆ. ಕೇಳಲಿಲ್ಲ, ಕೇಳಬೇಕಾಗಲಿಲ್ಲ.

“ಆ ಕೋಶ ಇರೋದು ನೆಲದ ಮಟ್ಟದಲ್ಲಿ. ಕುಕ್ಕರುಗಾಲಲ್ಲಿ ಕೂತರೆ ನನಗೆ ಏಳಲಿಕ್ಕಾಗ್ತಿರಲಿಲ್ಲ. ಒಂದು ಸಲ ಕೂತವನು ಮುಕ್ಕಾಲು ಗಂಟೆ ಅಲ್ಲೇ ಇದ್ದೆ. ಅವಳಿಗೆ ಹೇಳಿದರೆ ಮನೆ ಮಾರೋಣ ಅಂತಾಳೆ” ಎಂದ. ಆಮೇಲೆ ಸ್ವಲ್ಪ ತಡೆದು, “ಎರಡನೇ ಮೂಟೆಗೇ ನನಗೆ ಅನುಮಾನ ಬಂದಿತ್ತು” ಎಂದ.

ಆ ಮಧ್ಯಾಹ್ನವೇ ಕೋಶಕ್ಕೆ ಕೈ ಹಾಕಿದೆ. ಮೊದಲು ವಿದ್ಯುತ್ತು, ಪಂಪು ಎರಡನ್ನೂ ನಿಲ್ಲಿಸಿ, ಕವಾಟ ಮುಚ್ಚಿ, ತಿರುಪು ಬಿಚ್ಚಿ ಎತ್ತಿದರೆ ತಗಡುಗಳೇ ಕಾಣವು. ನಮ್ಮ ಬಚ್ಚಲ ಹಂಡೆಯ ಒಳಗೆ ಹಕ್ಕಳೆಗಟ್ಟುತ್ತದಲ್ಲ, ಅಂಥದೇ ಬಿಳಿಯ ಸುಣ್ಣ, ತಗಡಿಗೂ ತಗಡಿಗೂ ನಡುವೆ ಗಾರೆ ಮೆತ್ತಿದ ಹಾಗೆ. ಋಣಧ್ರುವದಲ್ಲಿ ಕ್ಷಾರ ಹುಟ್ಟುವುದರಿಂದ ನೀರಿನಲ್ಲಿಯ ಸುಣ್ಣ ಅಲ್ಲಿಯೇ ಇಳಿಯುತ್ತದೆ. ಧ್ರುವಗಳನ್ನು ಆಗಾಗ ಅದಲು ಬದಲು ಮಾಡಿ ತನ್ನ ಸುಣ್ಣವನ್ನು ತಾನೇ ಉದುರಿಸಿಕೊಳ್ಳುವ ಯಂತ್ರಗಳೂ ಉಂಟು, ಇದು ಹಳೆಯದು. ನಾನು ಉತ್ಸಾಹದಿಂದ ಅಡಿಗೆಮನೆಯ ಚಾಕು ತಂದೆ. ಅಣ್ಣ ಕುರ್ಚಿಯಿಂದಲೇ ಕೂಗಿಕೊಂಡ. ತಗಡು ಟೈಟೇನಿಯಮ್ಮಿನದು, ಅದರ ಮೇಲೆ ರುಥೇನಿಯಂ, ಇರಿಡಿಯಂಗಳ ಆಕ್ಸೈಡಿನ ಲೇಪವಿರುತ್ತದೆ, ಕೂದಲಿಗಿಂತ ತೆಳುವು. ಕೆಲಸವೆಲ್ಲ ಆ ಲೇಪದ್ದು. ಚಾಕು ಆಡಿಸಿದರೆ ಹೊಸ ಕೋಶವನ್ನೇ ಕೊಳ್ಳಬೇಕು. ಎರಡು ವಾರದ ಮೇಲೆ ಅವನು ಗಟ್ಟಿಯಾಗಿ ಬೈದದ್ದು ಅದೇ ಮೊದಲು. ನನಗೆ ಸಮಾಧಾನವೇ ಆಯಿತು.

ಬಕೀಟಿಗೆ ಹತ್ತು ಪಾಲು ನೀರು, ಅದಕ್ಕೆ ಒಂದು ಪಾಲು ಹೈಡ್ರೋಕ್ಲೋರಿಕ್ ಆಮ್ಲ. ನೀರಿಗೆ ಆಮ್ಲವೇ ಹೊರತು ಆಮ್ಲಕ್ಕೆ ನೀರಲ್ಲ. ಇದನ್ನು ಅವನು ನನ್ನಿಂದ ಎರಡು ಸಲ ಬಾಯಿಪಾಠ ಒಪ್ಪಿಸಿಕೊಂಡ. ಕೈಗೆ ಗವುಸು, ಕಣ್ಣಿಗೆ ಕನ್ನಡಕ. ಕೋಶ ಮುಳುಗಿದ್ದೇ ತಡ ನೊರೆ ಉಕ್ಕಿತು. ಮುಟ್ಟಬೇಡ, ಅದು ತಾನೇ ನಿಲ್ಲಬೇಕು ಎಂದ. ಹತ್ತು ನಿಮಿಷಕ್ಕೆ ನೊರೆ ಅಡಗಿತು. ಇನ್ನೊಮ್ಮೆ ಹೊಸ ಆಮ್ಲ. ಆಗ ಕಂಡವು ತಗಡುಗಳು, ಮಂಕು ಕಪ್ಪು ಬಣ್ಣದವು, ಒಂದರ ಹಿಂದೊಂದು ಪುಸ್ತಕದ ಹಾಳೆಗಳ ಹಾಗೆ.

ಕೂಡಿಸಿ ಚಾಲೂ ಮಾಡಿದೆವು. ಕೆಂಪು ದೀಪ ಆರಿತು. ಎರಡು ನಿಮಿಷದಲ್ಲಿ ಇನ್ನೊಂದು ಹತ್ತಿತು: ‘ಹೈ ಸಾಲ್ಟ್’. ಈಗ ಅದು ನಿಜವನ್ನೇ ಹೇಳುತ್ತಿತ್ತು. ಹೇಳಿ ಯಂತ್ರವನ್ನು ನಿಲ್ಲಿಸಿಬಿಟ್ಟಿತು. ಹಾಕಿದ ಉಪ್ಪನ್ನು ತೆಗೆಯುವ ಮದ್ದಿಲ್ಲ. ನೀರು ಚೆಲ್ಲಿ ನೀರು ತುಂಬಬೇಕು. ಏಳನ್ನು ಐದಕ್ಕೆ ಇಳಿಸಲು ಏಳರಲ್ಲಿ ಎರಡು ಪಾಲು, ಅಂದರೆ 14,000 ಲೀಟರಿಗೂ ಮೇಲೆ. ಹುಲ್ಲಿಗೆ ಬಿಟ್ಟರೆ ಹುಲ್ಲು ಸುಡುತ್ತದೆಂದು ಒಳಚರಂಡಿಗೆ ಕೊಳವೆ ಹಾಕಿದೆವು. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಮಾತು ಕೊಳಕ್ಕೂ ಸಲ್ಲುತ್ತದೆಂದು ನಾನೆಂದರೆ, ಅತ್ತಿಗೆ ನೀರಿನ ಬಿಲ್ಲನ್ನು ನೆನೆದು ನಗಲಿಲ್ಲ. ಪಾಚಿಗೆಂದು ದ್ರವ ಕ್ಲೋರಿನ್ ತಂದು, ಬಿಸಿಲು ಅದನ್ನು ತಿಂದುಬಿಡುವುದರಿಂದ, ಮುಸ್ಸಂಜೆಯಲ್ಲಿ ಸುರಿದೆ. ಮೂರನೆಯ ದಿನ ತಳದ ಹೆಂಚಿನ ಗೆರೆಗಳು ಕಂಡವು. ಐದನೆಯ ದಿನ ಅಣ್ಣ ಕಂಬಿ ಹಿಡಿದು ಮೆಟ್ಟಿಲಿಳಿದ.

ಅತ್ತಿಗೆಗೆ ನೋಟುಬುಕ್ಕಿನ ವಿಷಯ ನಾನು ಹೇಳಲಿಲ್ಲ. ಹೇಳಬೇಕಾಗಿತ್ತೇನೋ, ಈಗಲೂ ನಿಶ್ಚಯವಿಲ್ಲ. ಬಿಳಿಯ ಪುಟದಲ್ಲಿ ತಾರೀಖು ಬರೆದೆ. ಹೊರಡುವ ಹಿಂದಿನ ದಿನ ಪೇಟೆಯಿಂದ ಕುರ್ಚಿಯಷ್ಟು ಎತ್ತರದ ಸ್ಟೂಲೊಂದನ್ನೂ ಉದ್ದ ಹಿಡಿಯ ಇಕ್ಕಳವೊಂದನ್ನೂ ತಂದು ಪಂಪಿನ ಪಕ್ಕದಲ್ಲಿಟ್ಟೆ. ಅಣ್ಣ ನೋಡಿದ, ಏನೂ ಅನ್ನಲಿಲ್ಲ. ಸಂಜೆ ಅಡಿಗೆಮನೆಯ ಕಿಟಕಿಯಿಂದ ನೋಡಿದರೆ, ಕೋಲೂರಿಕೊಂಡು ಅಲ್ಲಿಗೆ ಹೋಗಿ ಸ್ಟೂಲಿನ ಮೇಲೆ ಕೂತಿದ್ದ. ಬಲಗಾಲನ್ನು ಮುಂದಕ್ಕೆ ಚಾಚಿ, ಇಕ್ಕಳ ಹಿಡಿದು, ಕೋಶದ ತಿರುಪು ಎಟುಕುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದ.