ಗೆರೆಯ ಬಾಗು

ನೇರವಾದ ಗೆರೆಯನ್ನೆಳೆಯಲು ಒಂದು ಅಡಿಕೋಲಿದ್ದರೆ ಸಾಕು. ಶಾಲೆಯ ಹುಡುಗನೂ ಎಳೆದಾನು. ಬಾಗುವ ಗೆರೆಯ ಮಾತು ಬೇರೆ. ಅದಕ್ಕೆ ಕೈಯೇ ಅಡಿಕೋಲು, ಕಣ್ಣೇ ಅಳತೆ.

ಬೀದರ ನಗರದಲ್ಲಿ, ಚೌಬಾರಾದಿಂದ ಹೆಚ್ಚು ದೂರವಿಲ್ಲದ ಓಣಿಯೊಂದರ ಚಿಕ್ಕ ಕೋಣೆಯಲ್ಲಿ, ಅಂಥದೊಂದು ಕೈ ನಾಲ್ವತ್ತು ವರ್ಷಕಾಲ ದುಡಿದಿತ್ತು. ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಎರಕಹೊಯ್ದ ಹೂಜಿಯನ್ನು ಅರದಿಂದ ಉಜ್ಜಿ, ಅದರ ಮೈಗೆ ಮೈಲುತುತ್ತದ ನೀರನ್ನು ಸವರಿ ಕಪ್ಪಾಗಿಸಿದ ಮೇಲೆ, ಉಸ್ತಾದರು ಉಕ್ಕಿನ ಮೊನೆಯನ್ನು ಕೈಗೆತ್ತಿಕೊಳ್ಳುತ್ತಿದ್ದರು. ಮುಂದೆ ನಕ್ಷೆಯಿಲ್ಲ, ಕಾಗದವಿಲ್ಲ. ಮೊನೆ ಹೋದ ದಾರಿಯಲ್ಲೆಲ್ಲ ಬಿಳಿಯ ಗೆರೆಯಾಗಿ ಬಳ್ಳಿಯೊಂದು ಹಬ್ಬುತ್ತಿತ್ತು. ಆ ಗೆರೆಯನ್ನು ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಸೇರಿಸಿ ತಿಕ್ಕಿದರೆ ಲೋಹ ಕಾಡಿಗೆಯಂತೆ ಕಪ್ಪಾಗುವುದು. ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯುವುದು. ಇದೇ ಬಿದರಿ ಕಲೆ. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಈ ಓಣಿಗಳಲ್ಲೂ ಸಿಹಿ ಹಂಚಿದವರಿದ್ದರು.

ಆದರೆ ನಮ್ಮ ಉಸ್ತಾದರ ಕೈ ನಡುಗತೊಡಗಿತ್ತು. ಮೊದಲು ಎಲೆಯ ತುದಿಯಲ್ಲಿ, ಆಮೇಲೆ ದೇಟಿನಲ್ಲಿ, ಕೊನೆಕೊನೆಗೆ ಇಡಿಯ ಬಳ್ಳಿಯಲ್ಲಿ ಆ ನಡುಕ ಕಾಣಿಸಿಕೊಂಡಿತು.

ಅವರಲ್ಲಿ ಮೂರು ವರ್ಷ ಕಲಿತು ಬಿಟ್ಟುಹೋದ ಶಿಷ್ಯನೊಬ್ಬನಿದ್ದ. ಔರಾದಿನ ಹುಡುಗ. ಮನೆಯಲ್ಲಿ ತಾಯಿ ಮತ್ತು ಇಬ್ಬರು ತಂಗಿಯರು. ಉಳಿ ಹಿಡಿದು ಬರುವ ಕೂಲಿ ಸಾಲದಾಗಿ ಅವನು ಗಣಕಯಂತ್ರದ ಮುಂದೆ ಕುಳಿತು ಚಲಿಸುವ ಚಿತ್ರಗಳನ್ನು ಮಾಡುವ ವೃತ್ತಿಗೆ ಸೇರಿದ್ದ. ಉಸ್ತಾದರು ಬೈದಿರಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಭಾಲ್ಕಿಯ ಶಾಲೆಯೊಂದು ಮಕ್ಕಳಿಗೆ ತೋರಿಸಲು ಬಿದರಿಯ ಬಗ್ಗೆ ಕಿರುಚಿತ್ರವೊಂದನ್ನು ಬಯಸಿದಾಗ, ಅವನು ಉಸ್ತಾದರಿಂದ ಕಾಗದದ ಮೇಲೆ ಒಂದು ಬಳ್ಳಿಯನ್ನು ಬರೆಸಿಕೊಂಡ. ಅದು ತಾನಾಗಿ ಹಬ್ಬಿ, ಗಾಳಿಗೆ ತೂಗಬೇಕೆಂಬುದು ಅವನ ಆಸೆ. ಯಂತ್ರಕ್ಕೆ ಕೊಟ್ಟು, "ಇದರ ಗೆರೆಯನ್ನು ಹಿಡಿ" ಎಂದು ಆಜ್ಞೆಯಿತ್ತ. ಯಂತ್ರ ಪ್ರಾಮಾಣಿಕವಾದ ಗುಮಾಸ್ತನಂತೆ ಒಂದೊಂದು ನಡುಕವನ್ನೂ ಬಿಡದೆ ದಾಖಲಿಸಿ, ಗೆರೆಯ ಮೇಲೆ ಇನ್ನೂರಕ್ಕೂ ಹೆಚ್ಚು ಬಿಂದುಗಳನ್ನು ಕೂಡಿಸಿತು.

ಇಂಥ ತಂತ್ರಾಂಶಗಳಲ್ಲಿ ಬಾಗು ಗೆರೆ ಹುಟ್ಟುವ ರೀತಿ ಸ್ವಾರಸ್ಯಕರವಾದುದು. ಎರಡು ಬಿಂದುಗಳ ನಡುವೆ ಗೆರೆ; ಪ್ರತಿ ಬಿಂದುವಿಗೂ ಹಿಡಿಕೆಗಳು. ಹಿಡಿಕೆಯನ್ನು ಎತ್ತ ಎಳೆದರೆ ಗೆರೆ ಅತ್ತ ಬಾಗುವುದು. ಆದರೆ ಹಿಡಿಕೆಯ ತುದಿಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಚುಕ್ಕಿಯನ್ನು ಮುಟ್ಟದೆ ಬಳಸಿಕೊಂಡು ಹೋಗುವ ರಂಗೋಲಿಯ ಎಳೆಯನ್ನು ಬಲ್ಲ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿಂದುವಿನ ಎರಡು ಕಡೆಯ ಹಿಡಿಕೆಗಳು ಒಂದೇ ನೇರದಲ್ಲಿದ್ದರೆ ಗೆರೆ ನಯವಾಗಿ ಸಾಗುವುದು. ತಪ್ಪಿದರೆ ಅಲ್ಲಿ ಮೊಣಕೈಯಂಥ ಮುರುಕು. ಈ ವಿದ್ಯೆ ಹುಟ್ಟಿದ್ದು ಫ್ರಾನ್ಸಿನ ಮೋಟಾರು ಕಾರ್ಖಾನೆಗಳಲ್ಲಿ. ಸಿತ್ರೊಯೆನ್ ಕಂಪನಿಯ ಪಾಲ್ ದ ಕಾಸ್ತೆಲ್ಜೊ 1959ರಲ್ಲಿಯೇ ಇದರ ಲೆಕ್ಕವನ್ನು ಕಂಡುಕೊಂಡರೂ ಕಂಪನಿ ಅದನ್ನು ಗುಟ್ಟಾಗಿಟ್ಟಿತು. ರೆನೊ ಕಂಪನಿಯ ಪಿಯರ್ ಬೆಜಿಯೆ 1960ರ ದಶಕದಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು. ಹೆಸರು ಬೆಜಿಯೆಯವರದೇ ಉಳಿಯಿತು.

ಹುಡುಗ ಬಳ್ಳಿಯನ್ನು ತೂಗಿಸಿ ನೋಡಿದ. ಮೊದಲ ಭಂಗಿಗೂ ಕೊನೆಯ ಭಂಗಿಗೂ ನಡುವಿನ ಚಿತ್ರಗಳನ್ನು ಯಂತ್ರವೇ ತುಂಬುವುದು. ಇನ್ನೂರು ಬಿಂದುಗಳೂ ತಮ್ಮ ತಮ್ಮ ದಾರಿ ಹಿಡಿದವು. ಬಳ್ಳಿ ಮುದುಕರ ಕೈಗಿಂತಲೂ ಹೆಚ್ಚಾಗಿ ನಡುಗಿತು. ನಡುವೆ ಮತ್ತಷ್ಟು ಭಂಗಿಗಳನ್ನು ಸೇರಿಸಿದ, ಇನ್ನೂ ಕೆಟ್ಟಿತು. ಅದನ್ನು ಭಾಲ್ಕಿಯ ಮಕ್ಕಳಿಗೆ ತೋರಿಸುವುದೆಂದರೆ ಗುರುವಿನ ದೌರ್ಬಲ್ಯವನ್ನು ಊರಿಗೆಲ್ಲ ಸಾರಿದಂತೆ.

ಆ ಶನಿವಾರ ಅವನು ಔರಾದಿಗೆ ಹೊರಟ. ಬಸ್ಸು ಮಾಂಜ್ರಾ ನದಿಯನ್ನು ದಾಟುವಾಗ ಕಿಟಕಿಯಿಂದ ನೋಡಿದ. ನದಿ ತಿರುಗಿತ್ತು, ನಿಜ. ಆದರೆ ಇಲ್ಲಿಯೇ ತಿರುಗಿತೆಂದು ಬೆರಳಿಟ್ಟು ತೋರಿಸುವಂತಿರಲಿಲ್ಲ. ಉಸ್ತಾದರು ಮೊದಲ ದಿನ ಹೇಳಿದ್ದು ಅವನ ನೆನಪಿಗೆ ಬಂದಿತು: "ಮೊನಿ ನೋಡಬ್ಯಾಡ ತಮ್ಮಾ, ಮೊನಿ ಎಲ್ಲಿಗಿ ಹೋಗೋದದ ಅದು ನೋಡು."

ಮನೆಯಲ್ಲಿ ರಾತ್ರಿಯೆಲ್ಲ ಕುಳಿತು ಬಿಂದುಗಳನ್ನು ಅಳಿಸಿದ. ಗೆರೆ ಹೊಸ ದಿಕ್ಕನ್ನು ಹಿಡಿಯುವಲ್ಲಿ ಒಂದು. ಮಿಕ್ಕೆಡೆ ಹಿಡಿಕೆಗಳೇ ನಡೆಸಲಿ ಎಂದು ಬಿಟ್ಟ. ಹದಿನಾಲ್ಕು ಉಳಿದವು. ಬಳ್ಳಿ ಹಬ್ಬಿತು, ತೂಗಿತು, ಎಲ್ಲಿಯೂ ಅದುರಲಿಲ್ಲ. ಆದರೆ ಅಳಿಸಿದ್ದು ಬರಿಯ ನಡುಕವೋ ಅಥವಾ ಅದರೊಡನೆ ಉಸ್ತಾದರ ಕೈಯೂ ಹೋಯಿತೋ ಎಂಬ ಶಂಕೆ ಅವನನ್ನು ಕೊರೆಯಿತು.

ಸೋಮವಾರ ಬೀದರಿಗೆ ಹಿಂದಿರುಗಿ, ಅಳುಕುತ್ತಲೇ ಚಿತ್ರವನ್ನು ಅವರ ಮುಂದಿಟ್ಟ. ಉಸ್ತಾದರು ಕನ್ನಡಕವನ್ನೇರಿಸಿ ಎರಡು ಸಲ ನೋಡಿದರು. ಮೂರನೆಯ ಸಲ ಅವರ ತೋರುಬೆರಳು ಪರದೆಯ ಮೇಲೆ, ನಡುಗುತ್ತಲೇ, ಒಂದೆಡೆ ನಿಂತಿತು.

"ಇಲ್ಲಿ ಒಂದು ಉಬ್ಬು ಇತ್ತು, ಎಲ್ಲಿ ಹೋಯ್ತು?"

"ಕೈ ನಡುಗಿದ್ದು ಅಂತ ತೆಗದೀನ್ರಿ, ಉಸ್ತಾದ್."

"ಅದು ನಡುಕ ಅಲ್ಲೋ ತಮ್ಮಾ. ಅಲ್ಲಿ ಎಲಿ ಹೊಳ್ಳತದ. ಒಮ್ಮಿಗೇ ಹೊಳ್ಳಿಸಿದರ ತಂತಿ ಮುರೀತದ. ಅದಕ್ಕ ಜರಾ ಜಾಗಾ ಬಿಡಬೇಕು."

ಹುಡುಗ ಮಾತಾಡದೆ ಒಂದು ಬಿಂದುವನ್ನು ಮರಳಿಸಿದ. ಹದಿನೈದಾದವು. ಉಳಿದ ಹದಿನಾಲ್ಕರ ಬಗ್ಗೆ ಉಸ್ತಾದರು ಏನೂ ಹೇಳಲಿಲ್ಲ. ಅವರಲ್ಲಿ ಮೆಚ್ಚುಗೆಯ ರೀತಿಯೇ ಅದು.

ಭಾಲ್ಕಿಯಲ್ಲಿ ಚಿತ್ರ ಮುಗಿದಾಗ ಹುಡುಗಿಯೊಬ್ಬಳು ಎದ್ದು, ಈ ಬಳ್ಳಿಯನ್ನು ಬರೆದವರು ಯಾರೆಂದು ಕೇಳಿದಳು. ಅವನು ಉಸ್ತಾದರ ಹೆಸರನ್ನು ಹೇಳಿದ. ಅವರ ಬಳಿ ಮತ್ತೆ ಕಲಿಯಲು ಹೋಗುವಿರಾ ಎಂದು ಅವಳು ಕೇಳಲಿಲ್ಲ. ಆದರೂ ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಆ ಓಣಿಯ ಕೋಣೆಯಲ್ಲಿ ಎರಡು ಉಳಿಗಳ ಸದ್ದು ಕೇಳಿಸುತ್ತಿದೆ.