ಕೊನೆಯ ಪ್ಯಾರಾದ ಮಂದಿ

ಶನಿವಾರದ ಪತ್ರಿಕೆಗಳಲ್ಲಿ ಬರುವ ಸಿನಿಮಾ ವಿಮರ್ಶೆಗಳ ಕೊನೆಯ ಪ್ಯಾರಾ ನನಗೆ ಬಹಳ ಕಾಲದಿಂದ ಕಿರಿಕಿರಿ ಮಾಡುತ್ತಿದೆ. ಮೊದಲ ನಾಲ್ಕು ಪ್ಯಾರಾಗಳಲ್ಲಿ ಕಥೆ ಬರುತ್ತದೆ, ನಾಯಕನ ಪಾತ್ರ ಬರುತ್ತದೆ, ಮೊದಲಾರ್ಧ ಎಳೆದದ್ದು, ದ್ವಿತೀಯಾರ್ಧ ಚುರುಕಾದದ್ದು ಬರುತ್ತದೆ. ಜಾಗ ಮುಗಿಯುತ್ತ ಬಂದಾಗ ಉಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೆ ಒಂದೊಂದು ಮಾತು ಹೇಳಿ ಕಳಿಸಿಕೊಡುವ ಕೆಲಸ ನಡೆಯುತ್ತದೆ: ಛಾಯಾಗ್ರಹಣ ಕಥೆಗೆ ಪೂರಕವಾಗಿದೆ, ಎರಡು ಹಾಡು ಗುನುಗುವಂತಿವೆ, ಹಿನ್ನೆಲೆ ಸಂಗೀತದ ಕಡೆ ಇನ್ನಷ್ಟು ಗಮನ ಕೊಡಬೇಕಿತ್ತು, ಸಂಕಲನಕಾರರು ಕತ್ತರಿಗೆ ಇನ್ನೂ ಸ್ವಲ್ಪ ಕೆಲಸ ಕೊಡಬಹುದಿತ್ತು. ಈ ವಾರದ ಪ್ಯಾರಾವನ್ನು ತೆಗೆದು ಹೋದ ವಾರದ ಚಿತ್ರಕ್ಕೆ ಅಂಟಿಸಿದರೂ ಯಾರಿಗೂ ವ್ಯತ್ಯಾಸ ತಿಳಿಯದು. ಸಿನಿಮಾ ಎಂದರೆ ಮೊದಲಿಗೆ ಬೆಳಕು ಮತ್ತು ಶಬ್ದ. ಆ ಎರಡನ್ನೂ ಕೊನೆಗೆ ತಳ್ಳಿದ ಬರಹವನ್ನು ಸಿನಿಮಾ ವಿಮರ್ಶೆ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದು ಕಥೆಯ ವಿಮರ್ಶೆ, ಹೆಚ್ಚೆಂದರೆ ನಟನೆಯ ವಿಮರ್ಶೆ.

ಆ ಸಾಲುಗಳಲ್ಲಿ ತೀರಾ ಅನ್ಯಾಯದ್ದು ಸಂಕಲನದ ಬಗೆಗಿನ ಸಾಲು. ಚಿತ್ರ ಉದ್ದವಾಯಿತು ಅನ್ನಿಸಿದ ಕೂಡಲೇ ತಪ್ಪು ಸಂಕಲನಕಾರನ ತಲೆಗೆ ಬರುತ್ತದೆ. ಚಿತ್ರದ ಉದ್ದವನ್ನು ಅವನೊಬ್ಬನೇ ನಿರ್ಧರಿಸುವುದು ನಮ್ಮಲ್ಲಿ ಅಪರೂಪ. ನಾಯಕನ ಎಂಟ್ರಿಗೆ ಎಷ್ಟು ನಿಮಿಷ, ಆಡಿಯೋ ಕಂಪನಿಗೆ ಆಗಲೇ ಮಾರಿಬಿಟ್ಟ ಹಾಡುಗಳಲ್ಲಿ ಯಾವುದನ್ನು ಬಿಡಬಹುದು, ಕಾಮಿಡಿ ಟ್ರ್ಯಾಕ್ ಇರಬೇಕೇ ಬೇಡವೇ ಎಂಬುದನ್ನೆಲ್ಲ ನಿರ್ದೇಶಕ, ನಿರ್ಮಾಪಕ, ಎಷ್ಟೋ ಸಲ ನಾಯಕನೂ ಸೇರಿ ತೀರ್ಮಾನಿಸಿರುತ್ತಾರೆ. ಸಂಕಲನವೆಂದರೆ ಉದ್ದ ಕಡಿಮೆ ಮಾಡುವುದು ಎಂಬ ತಿಳಿವಳಿಕೆಯಲ್ಲೇ ದೋಷವಿದೆ. ಒಬ್ಬಳು ಮಾತು ಮುಗಿಸಿದ ಮೇಲೂ ಅವಳ ಮುಖವನ್ನೇ ಎರಡು ಸೆಕೆಂಡು ತೋರಿಸಬೇಕೋ, ಕೇಳಿಸಿಕೊಂಡವನ ಮುಖಕ್ಕೆ ಹೋಗಬೇಕೋ ಎಂಬುದು ಸಂಕಲನದ ಪ್ರಶ್ನೆ. ನೋಡುವವರ ಮರುಕ ಯಾರ ಕಡೆ ವಾಲುತ್ತದೆ ಎಂಬುದು ಆ ಎರಡು ಸೆಕೆಂಡಿನಲ್ಲಿ ತೀರ್ಮಾನವಾಗಿಬಿಡುತ್ತದೆ. ಅದ್ಭುತ ನಟನೆ ಎಂದು ನಾವು ಹೊಗಳುವ ಎಷ್ಟೋ ಗಳಿಗೆಗಳು ಹುಟ್ಟಿದ್ದು ಸಂಕಲನದ ಕೋಣೆಯಲ್ಲಿ. 1970ರ ‘ಸಂಸ್ಕಾರ’ವನ್ನೇ ತೆಗೆದುಕೊಳ್ಳಿ. ಅದರ ನಾಯಕ ಪ್ರಾಣೇಶಾಚಾರ್ಯರ ಧರ್ಮಸಂಕಟದ ಬಗ್ಗೆ ಅರ್ಧ ಶತಮಾನದಿಂದ ಬರೆಯುತ್ತಲೇ ಇದ್ದೇವೆ. ಆ ಅಗ್ರಹಾರದ ಬಿಸಿಲು, ಧೂಳು, ಖಾಲಿ ಬೀದಿಗಳನ್ನು ಕ್ಯಾಮೆರಾದಲ್ಲಿ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಅವನ್ನು ಜೋಡಿಸಿ ಲಯ ಕೊಟ್ಟವರು ಸ್ಟೀವನ್ ಕಾರ್ಟಾ. ಹೊರಗಿನಿಂದ ಬಂದ ಕಣ್ಣು ನಮ್ಮ ಅಗ್ರಹಾರವನ್ನು ಹೇಗೆ ಕಂಡಿತು ಎಂದು ಕೇಳಿದ ಬರಹಗಳು ಎಷ್ಟಿವೆ?

ಬೆಳಕಿನ ಮಾತು ಬಂದಾಗ ವಿ.ಕೆ. ಮೂರ್ತಿಯವರನ್ನು ನೆನೆಯದೆ ಮುಂದೆ ಹೋಗಲಾಗದು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಪಿಟೀಲು ನುಡಿಸಬಲ್ಲವರು, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋದವರು. ಅಲ್ಲಿ ಅವರಿಗೆ ಜೊತೆಯಾದ ಗುರುದತ್ ಕೂಡ ಬೆಂಗಳೂರಿನಲ್ಲೇ ಹುಟ್ಟಿದವರು. ‘ಪ್ಯಾಸಾ’, ‘ಕಾಗಜ್ ಕೆ ಫೂಲ್’, ‘ಸಾಹಿಬ್ ಬೀಬಿ ಔರ್ ಗುಲಾಮ್’ ಮೂರಕ್ಕೂ ಮೂರ್ತಿಯವರದೇ ಕ್ಯಾಮೆರಾ. 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಕಥೆಯನ್ನಷ್ಟೇ ಹೇಳಿ ನೋಡಿ: ಮದುವೆ ಮುರಿದ ನಿರ್ದೇಶಕನೊಬ್ಬ ಹೊಸ ಹುಡುಗಿಯನ್ನು ತಾರೆಯಾಗಿಸುತ್ತಾನೆ, ಅವಳನ್ನು ಪ್ರೀತಿಸುತ್ತಾನೆ, ಕೊನೆಗೆ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಇಂಥ ಕಥೆಗಳು ಬೇಕಾದಷ್ಟಿವೆ. ಆದರೆ ಖಾಲಿ ಸ್ಟುಡಿಯೋದಲ್ಲಿ ನಡೆಯುವ ಆ ಹಾಡಿನ ದೃಶ್ಯವನ್ನು ನೋಡಿದವರು ಮರೆಯಲಾರರು. ಗುರುದತ್ ಒಂದು ಕಡೆ, ವಹೀದಾ ರೆಹಮಾನ್ ಇನ್ನೊಂದು ಕಡೆ. ಇಬ್ಬರ ತುಟಿಯೂ ಅಲುಗುವುದಿಲ್ಲ. ಹಾಡು ಗೀತಾ ದತ್ ಅವರ ಕಂಠದಲ್ಲಿ ಎಲ್ಲಿಂದಲೋ ಬರುತ್ತದೆ. ನಡುವೆ ಮೇಲಿನಿಂದ ಓರೆಯಾಗಿ ಇಳಿದ ದಪ್ಪ ಬಿಸಿಲುಕೋಲು, ಅದರಲ್ಲಿ ತೇಲುವ ಧೂಳು. ಇಬ್ಬರೂ ನಿಂತಲ್ಲೇ ನಿಂತಿರುವಾಗ ಅವರ ಪಾರದರ್ಶಕ ರೂಪಗಳು ದೇಹ ಬಿಟ್ಟು ಹೊರಟು ಆ ಬೆಳಕಿನಲ್ಲಿ ಕೂಡುತ್ತವೆ. ಸ್ಟುಡಿಯೋ ದೀಪಗಳಿಂದ ಅಂಥ ಬೆಳಕು ಹುಟ್ಟದು ಎಂದು ಮೂರ್ತಿಯವರು ಹೊರಗಿನ ಬಿಸಿಲಿಗೆ ದೊಡ್ಡ ಕನ್ನಡಿಯೊಂದನ್ನು ಒಡ್ಡಿ, ಅದರ ಪ್ರತಿಫಲನವನ್ನು ಒಳಗೆ ಎತ್ತರದಲ್ಲಿಟ್ಟ ಇನ್ನೊಂದು ಕನ್ನಡಿಗೆ ಹಾಯಿಸಿ, ಅಲ್ಲಿಂದ ನೆಲಕ್ಕೆ ಇಳಿಸಿದರು. ಎರಡು ಕನ್ನಡಿ, ಒಬ್ಬ ಸೂರ್ಯ. ಕೂಡಲಾಗದ ಇಬ್ಬರ ಪ್ರೀತಿಯನ್ನು ಹೇಳಲು ಅಲ್ಲಿ ಸಂಭಾಷಣೆಯ ಅಗತ್ಯವೇ ಬೀಳಲಿಲ್ಲ. ಇದನ್ನು ‘ಕಥೆಗೆ ಪೂರಕ’ ಎಂದು ಬರೆದರೆ ಅರ್ಥವೇ ತಿರುಗುಮುರುಗಾಗುತ್ತದೆ. ಆ ಐದು ನಿಮಿಷ ಕಥೆಯೇ ಬೆಳಕಿಗೆ ಪೂರಕವಾಗಿ ನಿಂತಿದೆ.

ಚಿತ್ರ ಸೋತಿತು. ಆಮೇಲೆ ಗುರುದತ್ ನಿರ್ದೇಶಕನಾಗಿ ತಮ್ಮ ಹೆಸರನ್ನು ಯಾವ ಚಿತ್ರಕ್ಕೂ ಹಾಕಿಕೊಳ್ಳಲಿಲ್ಲ. ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ದೇಶದ ದೊಡ್ಡ ಗೌರವ ಬರಲು ಅರ್ಧ ಶತಮಾನ ಕಾಯಬೇಕಾಯಿತು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರ ಕೈಸೇರಿದ್ದು 2010ರಲ್ಲಿ. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ನಟರು, ನಿರ್ದೇಶಕರು, ಗಾಯಕರು, ನಿರ್ಮಾಪಕರಿಗೆಲ್ಲ ಸಂದ ಗೌರವ ಕ್ಯಾಮೆರಾ ಹಿಡಿದವನ ಬಳಿ ಬರಲು ಪ್ರಶಸ್ತಿ ಶುರುವಾದ ಮೇಲೆ ನಲವತ್ತು ವರ್ಷ ಹಿಡಿದದ್ದಕ್ಕೆ ಪ್ರಶಸ್ತಿ ಸಮಿತಿಗಳನ್ನಷ್ಟೇ ದೂರಿದರೆ ಸಾಲದು, ಬರೆಯುವವರದೂ ಅದರಲ್ಲಿ ಪಾಲಿದೆ. ಉಮಾ ರಾವ್ ಅವರು ‘ಬಿಸಿಲುಕೋಲು’ ಎಂಬ ಹೆಸರಿನಲ್ಲಿ ಮೂರ್ತಿಯವರ ಜೀವನವನ್ನು ಬರೆದದ್ದು ಕನ್ನಡದ ಪುಣ್ಯ. ಮೂರ್ತಿಯವರು ದುಡಿದದ್ದು ಹೆಚ್ಚಾಗಿ ಹಿಂದಿಯಲ್ಲಾದರೂ ರಾಜೇಂದ್ರಸಿಂಗ್ ಬಾಬು ಅವರ ‘ಹೂವು ಹಣ್ಣು’ ಚಿತ್ರಕ್ಕೆ ಕ್ಯಾಮೆರಾ ಹಿಡಿದರು. ಅವರು ಕಲಿತ ಪಾಲಿಟೆಕ್ನಿಕ್‌ನಲ್ಲೇ ಓದಿ, ಅವರ ಬಳಿಯೇ ಸಹಾಯಕರಾಗಿ ಪಳಗಿದ ಗೋವಿಂದ ನಿಹಲಾನಿ ಮುಂದೆ ಕಾರ್ನಾಡರ ‘ಕಾಡು’ ಚಿತ್ರದ ಛಾಯಾಗ್ರಾಹಕರಾದರು. ಬೆಂಗಳೂರಿನ ಒಂದು ಪಾಲಿಟೆಕ್ನಿಕ್, ಮುಂಬೈಯ ಸ್ಟುಡಿಯೋ, ಮತ್ತೆ ಕನ್ನಡದ ಹೊಸ ಅಲೆ: ಹೀಗೆ ಒಂದು ಗುರುಪರಂಪರೆಯೇ ಇದೆ. ನಿರ್ದೇಶಕರ ಹೆಸರುಗಳಿಂದಷ್ಟೇ ಬರೆದ ಕನ್ನಡ ಸಿನಿಮಾ ಚರಿತ್ರೆಯಲ್ಲಿ ಈ ದಾರಿ ಕಾಣಿಸುವುದೇ ಇಲ್ಲ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ ಈಚೆಗೆ ಆದದ್ದು ನನ್ನ ವಾದಕ್ಕೆ ಇನ್ನೂ ಗಟ್ಟಿ ಸಾಕ್ಷಿ. 1977ರ ಸ್ವರ್ಣಕಮಲ ಪಡೆದ ಆ ಕಪ್ಪು ಬಿಳುಪು ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್, ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಫಿಲ್ಮ್ ಫೌಂಡೇಶನ್‌ನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮೊದಲಾದವು ಸೇರಿ ಜೀರ್ಣೋದ್ಧಾರ ಮಾಡಿದವು. 2024ರಲ್ಲಿ ಅದು ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಮತ್ತೆ ಪರದೆಗೆ ಬಂತು. ಅಲ್ಲಿ ಉಳಿಸಿದ್ದೇನು? ಕಥೆಗೆ ಯಾವ ಅಪಾಯವೂ ಇರಲಿಲ್ಲ. ಅದು ಅನಂತಮೂರ್ತಿಯವರ ಪುಸ್ತಕದಲ್ಲಿ ಭದ್ರವಾಗಿದೆ, ಯಾವ ಗ್ರಂಥಾಲಯದಲ್ಲಿ ಬೇಕಾದರೂ ಸಿಗುತ್ತದೆ. ಹಾಳಾಗುತ್ತಿದ್ದದ್ದು ಎಸ್. ರಾಮಚಂದ್ರ ಅವರು ಹಿಡಿದ ಬೆಳಕು, ಬಿ.ವಿ. ಕಾರಂತರು ಕೂಡಿಸಿದ ನಾದ. ನಾಣಿ ಎಂಬ ಪುಟ್ಟ ಹುಡುಗ ಯಮುನಕ್ಕನನ್ನು ನೋಡುವ ನೋಟ, ಕತ್ತಲೆಯ ಒಳಮನೆ, ಹೊರಗಿನ ಕಾಡು ಇವೆಲ್ಲ ಇದ್ದದ್ದು ಆ ಫಿಲ್ಮಿನ ಮೇಲಷ್ಟೇ. ಅದರಲ್ಲೊಂದು ಫ್ರೇಮ್ ಹೋದರೆ ಹೋದದ್ದೇ. ದೂರದ ಸಂಸ್ಥೆಗಳು ಒಂದೊಂದು ಫ್ರೇಮನ್ನೂ ಶುಚಿಮಾಡಿ ಉಳಿಸಿಕೊಟ್ಟವು. ನಾವು ಮಾತ್ರ ರಾಮಚಂದ್ರರಂಥವರ ಕೆಲಸಕ್ಕೆ ಒಂದು ಸಾಲಿನ ಜಾಗ ಕೊಟ್ಟುಕೊಂಡು ಬಂದಿದ್ದೇವೆ. ‘ಋಷ್ಯಶೃಂಗ’ಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು, ‘ಚೋಮನ ದುಡಿ’ಯನ್ನೂ ‘ಮಾಲ್ಗುಡಿ ಡೇಸ್’ ಅನ್ನೂ ನಮ್ಮ ಕಣ್ಣಿಗೆ ಕಟ್ಟಿಕೊಟ್ಟವರು ಅವರೇ. ಮಾಲ್ಗುಡಿ ಎಂದ ಕೂಡಲೇ ನಮ್ಮ ತಲೆಯಲ್ಲಿ ಮೂಡುವ ಆಗುಂಬೆಯ ಆ ಮನೆ, ಆ ಹಗಲು ಅವರ ಕ್ಯಾಮೆರಾದಿಂದ ಬಂದದ್ದು ಎಂದು ಎಷ್ಟು ಜನಕ್ಕೆ ಗೊತ್ತು?

ಇದನ್ನೆಲ್ಲ ಸಾಮಾನ್ಯ ಓದುಗ ಕೇಳುವುದಿಲ್ಲ, ಚಿತ್ರಕ್ಕೆ ಹೋಗಬಹುದೇ ಬೇಡವೇ ಎಂದು ಹೇಳಿದರೆ ಅವನಿಗೆ ಸಾಕು ಎಂದು ಹೇಳುವವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಕರಾವಳಿಯಲ್ಲಿ ಯಕ್ಷಗಾನ ಮುಗಿಸಿ ಮನೆಗೆ ಹೋಗುವವರ ಮಾತು ಕೇಳಬೇಕು. ಪ್ರಸಂಗದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಭಾಗವತರು ಆ ಪದ್ಯವನ್ನು ಎತ್ತಿಕೊಂಡ ರೀತಿ, ಚೆಂಡೆಯ ಪೆಟ್ಟು ಎಲ್ಲಿ ಬಿತ್ತು, ಮದ್ದಳೆ ಎಲ್ಲಿ ತಗ್ಗಿತು, ಯಾವ ವೇಷದ ಪ್ರವೇಶಕ್ಕೆ ಕಳೆ ಬಂತು ಎಂದು ದಾರಿಯುದ್ದಕ್ಕೂ ವಾದ ನಡೆಯುತ್ತದೆ. ಸಂಗೀತ ಕಛೇರಿಯ ವಿಮರ್ಶೆಯಲ್ಲಿ ಪಿಟೀಲಿನವರ ಹೆಸರಿರುತ್ತದೆ, ಮೃದಂಗದ ತನಿ ಹೇಗಿತ್ತು ಎಂಬುದಿರುತ್ತದೆ. ಕೃತಿಯ ಸಾಹಿತ್ಯದ ಅರ್ಥ ಬರೆದು ‘ಪಕ್ಕವಾದ್ಯ ಪೂರಕವಾಗಿತ್ತು’ ಎಂದು ಮುಗಿಸಿದರೆ ಓದುಗರೇ ಪತ್ರ ಬರೆಯುತ್ತಾರೆ. ಇಂಥ ಕಿವಿ, ಇಂಥ ಕಣ್ಣು ಇರುವ ಜನಕ್ಕೆ ಸಿನಿಮಾದ ಬೆಳಕಿನ ಬಗ್ಗೆ ಹೇಳಿದರೆ ಅರ್ಥವಾಗದು ಅನ್ನುವುದು ಅವರಿಗೆ ಮಾಡುವ ಅವಮಾನ. ಓದುಗ ಕೇಳುತ್ತಿಲ್ಲ ಎನ್ನುವುದಾದರೆ, ನಾವು ಒಮ್ಮೆಯೂ ಸರಿಯಾಗಿ ಬಡಿಸಿಲ್ಲ ಎಂಬುದೇ ಕಾರಣ.

ವೃತ್ತಿಯ ಕಷ್ಟ ನಿಜವಾದದ್ದು, ಅದನ್ನು ಹಗುರವಾಗಿ ಕಾಣಲಾರೆ. ಕನ್ನಡದಲ್ಲಿ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಚಿತ್ರ ಬಿಡುಗಡೆಯಾಗುತ್ತವೆ. ಕೆಲವು ಶುಕ್ರವಾರ ಐದಾರು ಒಟ್ಟಿಗೆ ಬರುತ್ತವೆ. ಬೆಳಗಿನ ಆಟ ಮುಗಿಯುವ ಮೊದಲೇ ಇಂಟರ್‌ವಲ್‌ನಲ್ಲಿ ಯೂಟ್ಯೂಬಿನವರು ಮೈಕ್ ಹಿಡಿದು ನಿಂತಿರುತ್ತಾರೆ, ಸಂಜೆಯೊಳಗೆ ನಾನೂರು ಪದ ಡೆಸ್ಕಿಗೆ ಹೋಗಬೇಕು, ಅದಕ್ಕೊಂದು ಸ್ಟಾರ್ ರೇಟಿಂಗ್ ಬೇರೆ. ಇಷ್ಟರ ನಡುವೆ ಲೆನ್ಸು, ಧ್ವನಿ ಎಂದು ಯಾರು ಬರೆಯುತ್ತಾರೆ ಎಂಬ ಪ್ರಶ್ನೆ ಸಹಜ. ನಾನು ಕೇಳುತ್ತಿರುವುದು ಹೆಚ್ಚು ಜಾಗವನ್ನಲ್ಲ. ಕಥಾಸಾರಕ್ಕೆ ಹೋಗುವ ನೂರೈವತ್ತು ಪದದಲ್ಲಿ ಐವತ್ತನ್ನು ಒಂದೇ ಒಂದು ದೃಶ್ಯಕ್ಕೆ ಕೊಡಿ; ಅಲ್ಲಿ ಏನು ಕಂಡಿತು, ಏನು ಕೇಳಿಸಿತು ಎಂದು ಬರೆಯಿರಿ. ಟ್ರೈಲರ್‌ನಲ್ಲಿ ಅರ್ಧ ಕಥೆ ಹೇಗೂ ಬಂದಿರುತ್ತದೆ. ಹಾಗೆ ಒಂದು ದೃಶ್ಯದ ಬಗ್ಗೆ ಬರೆಯಲು ತಂತ್ರಜ್ಞಾನದ ಓದೂ ಬೇಕಿಲ್ಲ. ಯಾವ ಲೆನ್ಸ್ ಎಂದು ಗೊತ್ತಿಲ್ಲದಿದ್ದರೂ ಮುಖ ಯಾಕೆ ಕತ್ತಲಲ್ಲಿತ್ತು ಎಂದು ಕೇಳಬಹುದು.

ಒಳ್ಳೆಯ ಕ್ಯಾಮೆರಾ, ಒಳ್ಳೆಯ ಸಂಕಲನ ಕಣ್ಣಿಗೆ ಬೀಳಬಾರದು, ಬಿದ್ದರೆ ಅದು ಸೋತಂತೆ ಎಂಬ ಮಾತು ಚಿತ್ರರಂಗದೊಳಗಿಂದಲೇ ಕೇಳಿಬರುತ್ತದೆ. ಇದರಲ್ಲಿ ಹುರುಳಿದೆ. ಆದರೆ ಅದು ನೋಡುವವರಿಗೆ ಅನ್ವಯಿಸುವ ಮಾತು. ನೋಡುವವರ ಗಮನಕ್ಕೆ ಬಾರದೆ ಅವರ ಮೇಲೆ ಕೆಲಸ ಮಾಡಿದ್ದನ್ನು ಗುರುತಿಸಿ ಹೇಳುವುದಕ್ಕೇ ವಿಮರ್ಶಕ ಇರುವುದು. ‘ತಿಥಿ’ ನೋಡಿದವರು ಸೆಂಚುರಿ ಗೌಡ ಬೀದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬೈಯುವುದನ್ನು ನೆನೆದು ನಗುತ್ತಾರೆ, ನಿಜವಾದ ಹಳ್ಳಿಯನ್ನೇ ನೋಡಿದಂತಾಯಿತು ಅನ್ನುತ್ತಾರೆ. ಆ ನಿಜ ಅರ್ಧಕ್ಕರ್ಧ ಕಿವಿಯ ಮೂಲಕ ಬಂದದ್ದು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಕುರಿ, ಬೈಕು, ಜಗಳ, ಗಾಳಿ ಎಲ್ಲವನ್ನೂ ಹದವಾಗಿ ಕೂಡಿಸಿದವರು ಧ್ವನಿ ವಿನ್ಯಾಸಕ ನಿತಿನ್ ಲುಕೋಸ್. ‘ಗರುಡ ಗಮನ ವೃಷಭ ವಾಹನ’ದಲ್ಲಿ ಶಿವ ಮಳೆಯಲ್ಲಿ ಹುಲಿವೇಷದ ಹೆಜ್ಜೆ ಹಾಕುವಾಗ ಮೈ ಜುಮ್ಮೆನ್ನುತ್ತದೆ, ಆ ಪಾತ್ರ ಮಾಡಿದ ರಾಜ್ ಬಿ. ಶೆಟ್ಟಿಯವರಿಗೆ ಸಂದ ಮೆಚ್ಚುಗೆ ನ್ಯಾಯವಾದದ್ದೇ. ಆ ಚಿತ್ರದಲ್ಲಿ ಕ್ಯಾಮೆರಾ ಮತ್ತು ಸಂಕಲನ ಎರಡೂ ಪ್ರವೀಣ್ ಶ್ರಿಯಾನ್ ಅವರದು. ಎಲ್ಲಿ ನಿಂತು ನೋಡಬೇಕು, ಎಷ್ಟು ಹೊತ್ತು ನೋಡಬೇಕು ಎಂಬುದನ್ನು ಒಬ್ಬನೇ ತೀರ್ಮಾನಿಸಿದಾಗ ದೃಶ್ಯಕ್ಕೆ ಎಂಥ ಬಿಗಿ ಬರುತ್ತದೆ ಎಂಬುದಕ್ಕೆ ಅದು ಉದಾಹರಣೆ. ‘ಕಾಂತಾರ’ದಿಂದ ಜನ ಮನೆಗೆ ಹೊತ್ತೊಯ್ದದ್ದು ಯಾವ ಸಂಭಾಷಣೆಯನ್ನೂ ಅಲ್ಲ, ದೈವದ ಆ ಒಂದು ಕೂಗನ್ನು. ಅಕ್ಷರದಲ್ಲಿ ಬರೆಯಲೂ ಬಾರದ ಆ ಶಬ್ದವೇ ಚಿತ್ರವನ್ನು ದೇಶದ ತುಂಬ ಓಡಿಸಿತು.

ಇಷ್ಟೆಲ್ಲ ದುಡಿಮೆ ಕೊನೆಗೆ ಒಂದು ಚಿತ್ರಮಂದಿರದ ಪರದೆಗೆ ಬಂದು ಮುಟ್ಟಬೇಕು. ಅಲ್ಲಿ ಪ್ರೊಜೆಕ್ಟರಿನ ಲ್ಯಾಂಪ್ ಹಳೆಯದಾಗಿದ್ದರೆ, ತ್ರೀಡಿಗೆ ಹಾಕಿದ ಫಿಲ್ಟರ್ ತೆಗೆಯದೆ ಸಾಮಾನ್ಯ ಚಿತ್ರ ತೋರಿಸಿದರೆ, ಹಿಂದಿನ ಸ್ಪೀಕರುಗಳು ಸುಮ್ಮನಿದ್ದರೆ ಛಾಯಾಗ್ರಾಹಕನ ವರ್ಷದ ಶ್ರಮ ಮಂಕಾಗುತ್ತದೆ. ನೋಡಿದವರು ‘ಕ್ಯಾಮೆರಾ ಡಲ್’ ಎಂದು ಬರೆದುಬಿಡುತ್ತಾರೆ, ಅಪವಾದ ಹೊರುವವನು ಸ್ಥಳದಲ್ಲೇ ಇರುವುದಿಲ್ಲ. 2025ರಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿತು, ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು, ನಾವೆಲ್ಲ ದರದ ಬಗ್ಗೆ ಜೋರಾಗಿ ಚರ್ಚೆ ಮಾಡಿದೆವು. ಆ ಹಣಕ್ಕೆ ಎಷ್ಟು ಬೆಳಕು ಸಿಗಬೇಕು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಏಳಲೇ ಇಲ್ಲ. ಮುಂದಿನ ಸಲ ಪರದೆ ಮಬ್ಬಾಗಿ ಕಂಡರೆ, ಮಾತು ಗೊಗ್ಗರಾಗಿ ಕೇಳಿಸಿದರೆ ಸಹಿಸಿಕೊಂಡು ಕೂರಬೇಡಿ. ಎದ್ದು ಹೋಗಿ ಮ್ಯಾನೇಜರ್‌ಗೆ ಹೇಳಿ, ಸರಿಮಾಡಿಸಿ.