ಹೊರುವುದು, ತಿರುಗುವುದು

ಹಳೆಯ ಜೀಪನ್ನು ಹಿಂದಿನಿಂದ ಬಗ್ಗಿ ನೋಡಿದರೆ ಎರಡು ಚಕ್ರಗಳ ನಡುವೆ ಕಬ್ಬಿಣದ ಗಡಿಗೆಯಂಥದೊಂದು ಕಾಣುತ್ತದೆ. ಮೇಲೆಲ್ಲ ಮಣ್ಣು, ಎಣ್ಣೆ, ಒಣಗಿದ ಸಗಣಿಯ ಪದರ. ಅದರ ಎರಡೂ ಕಡೆಗೆ ಚಾಚಿಕೊಂಡ ಕೊಳವೆಗಳು ಚಕ್ರಗಳನ್ನು ಮುಟ್ಟುತ್ತವೆ. ಗ್ಯಾರೇಜಿನವರು ಇದನ್ನೆಲ್ಲ ಸೇರಿಸಿ ಹೌಸಿಂಗ್ ಎನ್ನುತ್ತಾರೆ. ಜೀಪು ಇಟ್ಟವರು ಇಂಜಿನ್ನಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಟೈರಿನ ಬಗ್ಗೆ ಜಗಳವನ್ನೇ ಆಡುತ್ತಾರೆ. ಆದರೆ ಈ ಗಡಿಗೆಯ ಮಾತು ಬರುವುದು ಅದು ಅಳಲು ಶುರು ಮಾಡಿದ ಮೇಲೆಯೇ.

ಅಳುವುದು ಎಂದರೆ ಅಳುವುದೇ. ಆಕ್ಸಿಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ. ಒತ್ತಿದಾಗ ಮಾತ್ರ ಸದ್ದು ಬಂದರೆ ಹಲ್ಲುಗಳ ಒಂದು ಮೈ ಸವೆದಿದೆ, ಬಿಟ್ಟಾಗ ಬಂದರೆ ಇನ್ನೊಂದು ಮೈ, ಎರಡರಲ್ಲೂ ಬಂದರೆ ಬೇರಿಂಗು ನೋಡು ಎಂದು ಮೇಸ್ತ್ರಿಗಳು ಲೆಕ್ಕ ಹೇಳುತ್ತಾರೆ. ನಮ್ಮ ಚಿಕ್ಕಪ್ಪನ ಜೀಪಿನಲ್ಲಿ ಎರಡೂ ಇದ್ದವು. ಅದರ ಮೇಲೆ ಗೇರು ಹಾಕಿ ಕ್ಲಚ್ ಬಿಟ್ಟ ತಕ್ಷಣ ಹಿಂದೆ ಎಲ್ಲೋ 'ಟಕ್' ಎಂದು ಒಂದು ಪೆಟ್ಟು. ಬಾಗಿಲ ಹಿಂದೆ ನಿಂತವರು ಯಾರೋ ಒಮ್ಮೆ ಮಾತ್ರ ತಟ್ಟಿ ಸುಮ್ಮನಾದ ಹಾಗೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಸರ್ಕಾರ ಶಾಲೆಗಳ ಲೆಕ್ಕಕ್ಕೆ ಒಂದು ಜಿಲ್ಲೆ ಮಾಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಕರೆದಿದೆ. ಜೀಪಿನ ಲೆಕ್ಕಕ್ಕೂ ಇದು ಒಂದೇ ಜಿಲ್ಲೆ ಎಂದು ನನಗನ್ನಿಸುತ್ತದೆ. ಬೋಳು ಬಂಡೆ, ಮಳೆ ಕಡಿಮೆ, ಕಡಲೆಕಾಯಿ ಹೊಲ, ಹುಣಸೆ ತೋಪು, ಊರಿಂದ ಊರಿಗೆ ಕಲ್ಲು ದಾರಿ. ನಮ್ಮೂರು ತೋವಿನಕೆರೆ ಕಡೆಯದು. ಮನೆ ಜಗಲಿಯಿಂದ ಸಿದ್ದರಬೆಟ್ಟ ಕಾಣುತ್ತದೆ. ಗುಹೆಯಲ್ಲಿ ಸಿದ್ಧೇಶ್ವರ, ಬಂಡೆ ನಡುವೆ ಬತ್ತದ ನೀರು, ಇಳಿಜಾರಿನ ತುಂಬ ಔಷಧಿ ಗಿಡ. ಬೆಟ್ಟ ಹತ್ತಲು ಬಂದವರನ್ನು ಬುಡದ ತನಕ ಬಿಡುವುದು, ಹುಣಸೆಹಣ್ಣಿನ ಮೂಟೆ ತುಮಕೂರಿಗೆ ಸಾಗಿಸುವುದು, ಕೆಟ್ಟ ಪಂಪುಸೆಟ್ಟನ್ನು ಮಧುಗಿರಿಗೆ ಒಯ್ಯುವುದು, ಇದೆಲ್ಲ ಚಿಕ್ಕಪ್ಪನ ಜೀಪಿನ ಹಗಲಿನ ಕೆಲಸ. ರಾತ್ರಿಯ ಕೆಲಸ ಬೇರೆ ಇತ್ತು. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಶುರುವಾದದ್ದು 2008ರಲ್ಲಿ. ಅದಕ್ಕೆ ಮುಂಚೆ ನಮ್ಮ ಸುತ್ತಿನ ಊರುಗಳಲ್ಲಿ ಹೆರಿಗೆ ನೋವು ಬಂದರೂ ಹಾವು ಕಚ್ಚಿದರೂ ಜನ ಬಂದು ನಿಲ್ಲುತ್ತಿದ್ದುದು ನಮ್ಮ ಜಗಲಿಯ ಮುಂದೆ. ಚಿಕ್ಕಪ್ಪ ಅಂಗಿ ಹಾಕಿಕೊಳ್ಳುತ್ತಲೇ ಹೊರಡುತ್ತಿದ್ದರು. ಡೀಸೆಲ್ ದುಡ್ಡು ಕೊಟ್ಟವರುಂಟು, ಕೊಡದವರೂ ಉಂಟು.

ಕಳೆದ ವರ್ಷ ಶ್ರಾವಣದಲ್ಲಿ ಜೀಪನ್ನು ಮಧುಗಿರಿಯ ಗ್ಯಾರೇಜಿಗೆ ಒಯ್ದಾಗ ಮೇಸ್ತ್ರಿ ಮೊದಲು ಮಾಡಿದ್ದು ಹಿಂದಿನ ಚಕ್ರಗಳನ್ನು ಜಾಕಿಯ ಮೇಲೆತ್ತಿ ಎರಡೂ ಕೈಯಿಂದ ಅಲ್ಲಾಡಿಸಿದ್ದು. ಬಲಗಡೆಯದು ಅಲುಗಿತು. ಹಲ್ಲು ಬೀಳುವ ವಯಸ್ಸಿನ ಮಗುವಿನ ಹಲ್ಲಿನ ಹಾಗೆ.

"ಯಜಮಾನ್ರೆ, ಅಳೋದು ಆಮೇಲೆ ನೋಡಣ. ಇದು ಮೊದ್ಲು ನೋಡ್ಬೇಕು. ಇವತ್ತು ಇಳಿಜಾರಲ್ಲಿ ಬಂದಿದ್ರೆ ನಿಮ್ ಚಕ್ರ ನಿಮಗಿಂತ ಮುಂಚೆ ಮಧುಗಿರಿಗೆ ಬಂದಿರೋದು."

ಇದು ಗಾದೆಯ ಮಾತಲ್ಲ, ಲೋಹದ ಲೆಕ್ಕ. ಎತ್ತಿನ ಗಾಡಿಯನ್ನು ನೋಡಿದವರಿಗೆ ಅರ್ಥವಾಗುವುದು ಸುಲಭ. ಗಾಡಿಯ ಅಚ್ಚು ಭಾರ ಹೊರುತ್ತದೆ, ತಿರುಗುವುದಿಲ್ಲ. ಚಕ್ರ ಅದರ ತುದಿಯಲ್ಲಿ ತನ್ನ ಪಾಡಿಗೆ ಸುತ್ತುತ್ತದೆ, ಎಳೆಯುವ ಕೆಲಸ ಎತ್ತಿನದು. ಯಂತ್ರದ ಗಾಡಿಯಲ್ಲಿ ಚಕ್ರವನ್ನೇ ತಿರುಗಿಸಿ ಮುಂದೆ ಹೋಗಬೇಕಾದ್ದರಿಂದ ಅಚ್ಚಿನೊಳಗೆ ತಿರುಗುವ ಶಾಫ್ಟು ಬೇಕು. ಇಲ್ಲಿ ಎರಡು ದಾರಿ. ಭಾರವನ್ನೆಲ್ಲ ಹೊರಗಿನ ಕೊಳವೆಗೆ ಬಿಟ್ಟು ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ ಕೊಡುವುದು ಒಂದು. ಇದು ಫುಲ್ ಫ್ಲೋಟಿಂಗ್. ಲಾರಿಗಳಲ್ಲಿ ಇರುವುದು ಇದೇ. ಶಾಫ್ಟು ತುಂಡಾದರೂ ಚಕ್ರ ಜಾಗ ಬಿಡುವುದಿಲ್ಲ. ಇನ್ನೊಂದು ಸೆಮಿ ಫ್ಲೋಟಿಂಗ್. ಇದರಲ್ಲಿ ಅದೇ ಶಾಫ್ಟು ತಿರುಗಿಸಬೇಕು, ಅದೇ ಶಾಫ್ಟು ತನ್ನ ತುದಿಯಲ್ಲಿ ಗಾಡಿಯ ಭಾರವನ್ನೂ ಹೊರಬೇಕು. ಅಗ್ಗ, ಹಗುರ. ಆದರೆ ಬೇರಿಂಗಿನಿಂದ ಆಚೆ ಶಾಫ್ಟು ಮುರಿದರೆ ಚಕ್ರ, ಬ್ರೇಕಿನ ಡ್ರಮ್ಮು ಎಲ್ಲ ಒಟ್ಟಿಗೆ ಕಳಚಿಕೊಂಡು ಹೋಗುತ್ತವೆ.

ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ಹಿಂದಿನ ಆಕ್ಸಲ್ ಫುಲ್ ಫ್ಲೋಟಿಂಗ್ ಆಗಿತ್ತು. ಯುದ್ಧ ಮುಗಿದು ಜೀಪು ರೈತರಿಗೆ, ಗುತ್ತಿಗೆದಾರರಿಗೆ ಮಾರುವ ವಸ್ತುವಾದ ಸ್ವಲ್ಪ ಕಾಲದಲ್ಲೇ ಸೆಮಿ ಫ್ಲೋಟಿಂಗ್ ಬಂತು. ನಮ್ಮ ದೇಶಕ್ಕೆ ಬಂದದ್ದೂ ಆ ವಂಶವೇ. 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂದು ಶುರುವಾದ ಕಂಪನಿಯ ಪಾಲುದಾರ ಗುಲಾಂ ಮೊಹಮ್ಮದ್ ದೇಶ ಒಡೆದಾಗ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾಗಿ ಹೋದರು. 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಹೀಗೆ ಹೆಸರಿನ ಅರ್ಧ ಕಳಚಿದ ಕಂಪನಿಯೇ ಮುಂಬಯಿಯಲ್ಲಿ ವಿಲ್ಲೀಸ್ ಜೀಪು ಜೋಡಿಸಿ ಮಾರತೊಡಗಿ ಹಳ್ಳಿಗಾಡಿನ ತುಂಬ ಆ ಪದವನ್ನು ಮನೆಮಾತು ಮಾಡಿತು.

ಹಳೆಯ ಜೀಪುಗಳಲ್ಲಿ ಶಾಫ್ಟಿನ ತುದಿ ಬುಗುರಿಯ ಮೊನೆಯ ಹಾಗೆ ಸಣ್ಣಗಾಗುತ್ತ ಬರುತ್ತದೆ. ಅದರ ಮೇಲೆ ಹಬ್ಬನ್ನು ಕೂರಿಸಿ, ನಡುವೆ ಕಿರುಬೆರಳುದ್ದದ ಒಂದು ಚೌಕ ಕೀ ತೂರಿಸಿ, ನಟ್ಟು ಬಿಗಿದು, ಪಿನ್ನು ಚುಚ್ಚುತ್ತಾರೆ. ನಟ್ಟು ಸಡಿಲಾದರೆ ಹಬ್ಬು ಶಾಫ್ಟಿನ ಮೇಲೆ ಕೂದಲೆಳೆಯಷ್ಟು ಜರುಗುತ್ತದೆ. ಆಮೇಲೆ ಪ್ರತಿ ಸಲ ಕ್ಲಚ್ ಬಿಟ್ಟಾಗಲೂ ಪೆಟ್ಟು ತಿನ್ನುವುದು ಆ ಕೀ. ನಮ್ಮದರಲ್ಲಿ ಹಬ್ಬು ಕಳಚುವುದಕ್ಕೇ ಅರ್ಧ ದಿನ ಹಿಡಿಯಿತು. ಪುಲ್ಲರ್ ಬಿಗಿದು, ಸುತ್ತಿಗೆಯಲ್ಲಿ ಬಡಿದು, ಬೆಂಕಿ ತೋರಿಸಿ, ಒಂದು ರಾತ್ರಿ ಹಾಗೇ ಬಿಗಿದಿಟ್ಟು ಮನೆಗೆ ಹೋದೆವು. ಬೆಳಿಗ್ಗೆ ಬಂದಾಗ ಯಾರೂ ಮುಟ್ಟದೆಯೇ ಬಿಟ್ಟುಕೊಂಡು ಕೂತಿತ್ತು. ಒಳಗಿನ ಕೀ ಹಿಟ್ಟಿನ ಹಾಗೆ ಕಿವುಚಿಹೋಗಿತ್ತು.

ಚಿಕ್ಕಮ್ಮ ಬುತ್ತಿ ತಂದವರು ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. "ಇಷ್ಟೇ ಇಷ್ಟು ಕಬ್ಬಿಣದ ಮೇಲಾ ನೀವು ಜನಾನ ಕೂರ್ಸ್ಕಂಡು ಓಡಾಡ್ತಿದ್ದಿದ್ದು?"

ದಶರಥನ ರಥದ ಕಡಾಣಿ ಮುರಿದಾಗ ಕೈಕೇಯಿ ತನ್ನ ಬೆರಳನ್ನೇ ಇಟ್ಟು ಯುದ್ಧ ಮುಗಿಸಿದ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆ ಬೆರಳಿಗೆ ಎರಡು ವರ ಸಿಕ್ಕಿದವು ಎನ್ನುವುದೂ ಗೊತ್ತು. ಈ ಜೀಪು ಕೊಳ್ಳಲು ಚಿಕ್ಕಮ್ಮನ ಎರಡೆಳೆ ಸರ ಹೋಗಿತ್ತು. ಅದನ್ನು ಅವರು ಮೂವತ್ತು ವರ್ಷ ಎತ್ತಿ ಆಡಿರಲಿಲ್ಲ.

ಇಷ್ಟರಲ್ಲಿ ಬೆಂಗಳೂರಿನಿಂದ ಚಿಕ್ಕಪ್ಪನ ಮಗ ಬಂದ. ಅವನ ವಾದ ನೇರವಾಗಿತ್ತು. ಹಳೆ ಜೀಪನ್ನು ಬಣ್ಣ ಹೊಡೆಸಿ ಶೋಕಿಗೆ ಇಟ್ಟುಕೊಳ್ಳುವವರು ಬೆಂಗಳೂರಿನಲ್ಲಿ ಎಷ್ಟೋ ಜನ ಇದ್ದಾರೆ, ಒಳ್ಳೆ ಬೆಲೆ ಕೊಡುತ್ತಾರೆ. ಮಾರಿ ಒಂದು ಕಾರು ತಗೊಳ್ಳೋಣ. ಮಾರಲು ಮನಸ್ಸಿಲ್ಲದಿದ್ದರೆ ಹಿಂದಿನ ಕ್ರೌನ್ ಪಿನಿಯನ್ನನ್ನಾದರೂ ಬದಲಿಸಿ, ಹೆದ್ದಾರಿಯಲ್ಲಿ ಓಡುವ ಹಾಗೆ ಮಾಡಿಸೋಣ. ಶಿರಾ ದಾಟಿದ ಮೇಲೆ ಲಾರಿಗಳೂ ನಮ್ಮನ್ನು ಹಿಂದೆ ಹಾಕುತ್ತವೆ, ಅಪ್ಪ ಅರುವತ್ತು ಮುಟ್ಟುವುದರೊಳಗೆ ಇಂಜಿನ್ ಬಾಯಿ ಬಡಕೊಳ್ಳುತ್ತದೆ.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೇಸ್ತ್ರಿ ಹೌಸಿಂಗಿನ ಮುಚ್ಚಳ ತೆಗೆದು ಎಣ್ಣೆ ಬಸಿದು ಹಲ್ಲು ಎಣಿಸಿದರು. ದೊಡ್ಡ ಕ್ರೌನಿನಲ್ಲಿ 43, ಚಿಕ್ಕ ಪಿನಿಯನ್ನಿನಲ್ಲಿ 8. ಅಂದರೆ ಇಂಜಿನ್ನಿನ ಕಡೆಯಿಂದ ಬರುವ ಶಾಫ್ಟು ಐದೂ ಕಾಲು ಸುತ್ತಿಗಿಂತ ಹೆಚ್ಚು ತಿರುಗಿದರೆ ಚಕ್ರ ಒಂದು ಸುತ್ತು. ವೇಗ ಕಡಿಮೆ, ಎಳೆಯುವ ಬಲ ಜಾಸ್ತಿ. ಬೆಟ್ಟದ ಬುಡಕ್ಕೆ, ಉಳುಮೆ ನೆಲಕ್ಕೆ ಸರಿಯಾದ ಲೆಕ್ಕ. 43ಕ್ಕೂ 8ಕ್ಕೂ ಸಾಮಾನ್ಯ ಅಪವರ್ತನ ಇಲ್ಲದಿರುವುದೂ ಬೇಕೆಂದೇ ಮಾಡಿದ್ದು. ಹಾಗಿದ್ದರೆ ಪಿನಿಯನ್ನಿನ ಒಂದೊಂದು ಹಲ್ಲೂ ಕ್ರೌನಿನ ಎಲ್ಲ ಹಲ್ಲುಗಳನ್ನೂ ಸರದಿಯಲ್ಲಿ ಮುಟ್ಟುತ್ತದೆ, ಯಾವ ಹಲ್ಲೂ ಒಂದೇ ಜೊತೆಗಾರನನ್ನು ಮತ್ತೆ ಮತ್ತೆ ತಿಕ್ಕಿ ಸವೆಸುವುದಿಲ್ಲ. ಎಂಟು ಹಲ್ಲಿಗೆ ನಲವತ್ತು ಇಟ್ಟಿದ್ದರೆ ಒಂದೊಂದಕ್ಕೂ ಅದದೇ ಐದು ಹಲ್ಲುಗಳ ಸಂಗ ಖಾಯಂ ಆಗುತ್ತಿತ್ತು.

"ಹಿಂದುಗಡೇದು ಬದ್ಲಾಯ್ಸಿದ್ರೆ ಮುಂದುಗಡೇದೂ ಬದ್ಲಾಯ್ಸ್ಬೇಕು ಮಗಾ," ಎಂದರು ಮೇಸ್ತ್ರಿ. ನಾಲ್ಕು ಚಕ್ರವೂ ಎಳೆಯುವ ಗಾಡಿಯಲ್ಲಿ ಮುಂದಿನ ಆಕ್ಸಲ್ಲಿಗೂ ಹಿಂದಿನದಕ್ಕೂ ಒಂದೇ ಲೆಕ್ಕ ಇರಬೇಕು. ಹಿಂದೆ ಒಂದು, ಮುಂದೆ ಇನ್ನೊಂದು ಇಟ್ಟು ಫೋರ್‌ವೀಲ್ ಹಾಕಿದರೆ ಎರಡೂ ಒಂದನ್ನೊಂದು ಜಗ್ಗಾಡಿ ನಡುವಿನ ಗೇರ್‌ಬಾಕ್ಸು ಹಾಳಾಗುತ್ತದೆ. "ಮುಂದೆ ಒಂದು ಮಾತು ಹಿಂದೆ ಒಂದು ಮಾತು ಈ ಗಾಡೀಲಿ ನಡಿಯಲ್ಲ." ಮಗ ನಕ್ಕ. ಆದರೆ ಮಾರುವ ಮಾತು ಬಿಡಲಿಲ್ಲ.

ಚಿಕ್ಕಪ್ಪ ಇಡೀ ಹೊತ್ತು ಬೀಡಿ ಹಚ್ಚದೆ ಕೈಯಲ್ಲಿ ಹೊರಳಿಸುತ್ತ ಕೂತಿದ್ದರು. ಕೊನೆಗೆ, "ಹ್ಯಾಂಡ್‌ಬ್ರೇಕ್ ಹಿಡೀತಿತ್ತಾ, ಅದು ಮುರಿದಿದ್ರೆ?" ಎಂದು ಕೇಳಿದರು.

ಹಿಡಿಯುತ್ತಿರಲಿಲ್ಲ. ಈ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕು ಇರುವುದು ಚಕ್ರದಲ್ಲಲ್ಲ, ಗೇರ್‌ಬಾಕ್ಸಿನ ಹಿಂದೆ, ಉದ್ದ ಶಾಫ್ಟಿನ ಮೇಲೆ. ಅಲ್ಲಿಂದ ಚಕ್ರಕ್ಕೆ ಹಿಡಿತ ತಲುಪುವುದು ಇದೇ ಆಕ್ಸಲ್ಲಿನ ಮೂಲಕ. ನಡುವೆ ಕೂತ ಡಿಫ್ರೆನ್ಷಿಯಲ್ ಎಂಬುದು ಇನ್ನೊಂದು ವಿಚಿತ್ರ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕಾದ್ದರಿಂದ ಎರಡು ಚಕ್ರಗಳಿಗೂ ಬೇರೆ ಬೇರೆ ವೇಗ ಕೊಡುವ ಗೇರುಗಳ ಗೂಡು ಅದು. ಗಾಡಿಗೆ ಅದನ್ನು ಹೊಂದಿಸಿ 1828ರಲ್ಲಿ ಪೇಟೆಂಟ್ ಪಡೆದವನು ಫ್ರಾನ್ಸಿನ ಪೆಕೆರ್ ಎಂಬ ಗಡಿಯಾರದ ಕುಶಲಕರ್ಮಿ. ಆದರೆ ಒಂದು ಕಡೆಯ ಶಾಫ್ಟು ಮುರಿದರೆ ಬಲವೆಲ್ಲ ಆ ಮುರಿದ ಕಡೆಗೇ ಹರಿದು ಸುಮ್ಮನೆ ಸುತ್ತುತ್ತದೆ, ಗಟ್ಟಿಯಾಗಿರುವ ಚಕ್ರಕ್ಕೆ ಏನೂ ಸಿಗುವುದಿಲ್ಲ. ಮೇಸ್ತ್ರಿ ಇದನ್ನು ಎರಡೇ ಮಾತಿನಲ್ಲಿ ಹೇಳಿದರು. ಚಿಕ್ಕಪ್ಪ ತಲೆಯಾಡಿಸಿದರು. ಅವರು ಯಾವ ಯಾವ ರಾತ್ರಿಗಳನ್ನು, ಯಾವ ಯಾವ ಬಸುರಿಯರನ್ನು ನೆನೆಸಿಕೊಂಡರೋ ನನಗೆ ತಿಳಿಯದು. ಮುಖ ಮಾತ್ರ ಬಿಳಿಚಿಕೊಂಡಿತ್ತು.

ವರ ಕೇಳಿದ್ದು ಚಿಕ್ಕಮ್ಮ. "ಮಾರದು ಬ್ಯಾಡ. ಗಟ್ಟಿ ಮಾಡ್ಸಿ. ಆದ್ರೆ ಹೊತ್ತು ಮುಳುಗಿದ್ ಮ್ಯಾಕೆ ನೀವು ಸ್ಟೇರಿಂಗ್ ಮುಟ್ಟಂಗಿಲ್ಲ."

ಎರಡೂ ಒಂದೇ ಉಸಿರಿನಲ್ಲಿ. ಅರವತ್ತೆಂಟು ದಾಟಿದ ಚಿಕ್ಕಪ್ಪನಿಗೆ ಎದುರಿನ ಲೈಟು ಕಣ್ಣಿಗೆ ಚುಚ್ಚುತ್ತದೆ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳುವುದಕ್ಕೆ ಒಂದು ಮುರಿದ ಕೀ ಬೇಕಾಯಿತು.

ಮರುದಿನ ನಾನೂ ಚಿಕ್ಕಪ್ಪನ ಮಗನೂ ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಅಲೆದೆವು. ಕೀ ಹಾಕುವ ಹಳೆ ಮಾದರಿಯದರ ಬದಲು, ಶಾಫ್ಟೂ ಚಕ್ರ ಕೂರುವ ತಟ್ಟೆಯೂ ಒಂದೇ ತುಂಡಾಗಿರುವ ಜೋಡಿ ಬೇಕಿತ್ತು. ಅದರಲ್ಲಿ ಕೀಯೂ ಇಲ್ಲ, ಸಡಿಲಾಗುವ ನಟ್ಟೂ ಇಲ್ಲ. ಭಾರ ಹೊರುವುದು ತಪ್ಪುವುದಿಲ್ಲ, ಆದರೆ ದುರ್ಬಲವಾದ ಜಾಗ ಒಂದು ಕಡಿಮೆಯಾಗುತ್ತದೆ. ಶಾಫ್ಟು, ಬೇರಿಂಗು, ಸೀಲು, 90ರ ಎಣ್ಣೆ ಎಲ್ಲ ಸೇರಿ ಒಂದು ಒಳ್ಳೆ ಹಸುವಿನ ಬೆಲೆ ಆಯಿತು. ಕ್ರೌನ್ ಪಿನಿಯನ್ ಮಾತ್ರ ಹಳೆಯದನ್ನೇ ಇಟ್ಟುಕೊಂಡೆವು. ಅವು ಕಾರ್ಖಾನೆಯಲ್ಲೇ ಒಂದಕ್ಕೊಂದು ತಿಕ್ಕಿ ಹೊಂದಿಸಿದ ಜೋಡಿ. ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸುವ ಹಾಗಿಲ್ಲ. ಹಲ್ಲು ಮುರಿದಿರಲಿಲ್ಲ. ಬೇರಿಂಗು ಸವೆದು ಜೋಡಿ ದೂರ ಸರಿದಿದ್ದಕ್ಕೇ ಅಷ್ಟು ಅಳು.

ದೂರ ಸರಿದದ್ದನ್ನು ಹತ್ತಿರ ತರುವುದೇ ಈ ಕೆಲಸದ ಜೀವ. ಮೇಸ್ತ್ರಿ ಗ್ರಂಧಿಗೆ ಅಂಗಡಿಯಿಂದ ಸಿಂಧೂರ ತರಿಸಿದರು. ಆಂಜನೇಯನಿಗೆ ಬಳಿಯುವ ಅದೇ ಸಿಂಧೂರ. ಎಣ್ಣೆಯಲ್ಲಿ ಕಲಸಿ ಕ್ರೌನಿನ ನಾಲ್ಕೈದು ಹಲ್ಲಿಗೆ ತೆಳ್ಳಗೆ ಹಚ್ಚಿ, ಕೈಯಲ್ಲೇ ತಿರುಗಿಸಿ, ಪಿನಿಯನ್ ಎಲ್ಲಿ ಮುಟ್ಟಿ ಬಣ್ಣ ಒರೆಸಿದೆ ಎಂದು ಟಾರ್ಚು ಬಿಟ್ಟು ನೋಡಿದರು. ಗುರುತು ಹಲ್ಲಿನ ನಡುವೆ ಬೀಳಬೇಕು. ತುದಿಗೆ ಬಿದ್ದರೆ, ಬುಡಕ್ಕೆ ಬಿದ್ದರೆ ಮತ್ತೆ ಬಿಚ್ಚಿ, ಕಾಗದದಷ್ಟು ತೆಳ್ಳನೆಯ ಶಿಮ್ ಒಂದನ್ನು ಸೇರಿಸಿ ಇಲ್ಲವೇ ತೆಗೆದು, ಮತ್ತೆ ಕಟ್ಟಬೇಕು. ಎರಡು ಹಲ್ಲುಗಳ ನಡುವೆ ಬಿಡುವ ಸಂದು ಇಂಚಿನ ಸಾವಿರದಲ್ಲಿ ಆರೇಳು ಪಾಲು. ದಿನಪತ್ರಿಕೆಯ ಎರಡು ಹಾಳೆಯ ದಪ್ಪ ಎಂದುಕೊಳ್ಳಿ. ಸಂದು ಜಾಸ್ತಿಯಾದರೆ ಪೆಟ್ಟು, ಇಲ್ಲದೇ ಹೋದರೆ ಎಣ್ಣೆಗೆ ಜಾಗವಿಲ್ಲದೆ ಬೆಂಕಿ. ಐದು ಸಲ ಬಿಚ್ಚಿ ಕಟ್ಟಿದರು. ನಾಲ್ಕನೆಯ ಸಲಕ್ಕೇ ಸಾಕಲ್ಲವೇ ಎಂದು ಚಿಕ್ಕಪ್ಪನ ಮಗ ಕೇಳಿದಾಗ, "ನಿಂಗೆ ಸಾಕು. ಗಾಡಿಗೆ ಸಾಲ್ದು," ಎಂದರು. ಐದನೆಯ ಸಲ ಕ್ರೌನನ್ನು ತಿರುಗಿಸಿ ಗುರುತು ನೋಡಿದವನು ಅವನೇ. ಹಲ್ಲಿನ ನಟ್ಟನಡುವೆ ಬಾದಾಮಿಯ ಆಕಾರದಲ್ಲಿ ಸಿಂಧೂರ ಅಳಿಸಿ ಕಬ್ಬಿಣ ಹೊಳೆಯುತ್ತಿತ್ತು.

ಕಟ್ಟುಕುಟುಂಬದಲ್ಲಿ ಬೆಳೆದ ನನಗೆ ಸೆಮಿ ಫ್ಲೋಟಿಂಗ್ ಎಂಬುದು ಹೊಸ ವಿಷಯ ಅನ್ನಿಸಲಿಲ್ಲ. ಹೊರುವುದೂ ತಿರುಗುವುದೂ ಒಬ್ಬರ ಮೇಲೆಯೇ ಬಿದ್ದ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಅಂಥವರು ಮುರಿಯುವ ತನಕ ಸದ್ದು ಮಾಡುವುದು ಕಡಿಮೆ. ಮಾಡಿದರೂ ಅದು ಗಾಡಿಯ ಸದ್ದಿನಲ್ಲಿ ಬೆರೆತುಹೋಗುತ್ತದೆ. ಕೇಳುವ ಕಿವಿ ಬೇಕು.

ಐನೂರು ಕಿಲೋಮೀಟರ್ ಓಡಿದ ಮೇಲೆ ಎಣ್ಣೆ ಬದಲಿಸಲು ಬನ್ನಿ ಎಂದಿದ್ದರು ಮೇಸ್ತ್ರಿ. ಕಾರ್ತಿಕದಲ್ಲಿ ಜೀಪನ್ನು ಒಯ್ದವನು ಚಿಕ್ಕಪ್ಪನ ಮಗ. ತಿಂಗಳಿಗೆ ಎರಡು ಸಲ ಊರಿಗೆ ಬರುತ್ತಾನೆ ಈಗ, ಕತ್ತಲಾದ ಮೇಲಿನ ಓಡಾಟ ಅವನದು. ಬಸಿದ ಎಣ್ಣೆಯನ್ನು ಮೇಸ್ತ್ರಿ ಎರಡು ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿದರು. ಸಣ್ಣಗೆ ಮಿನುಗುವ ಪುಡಿ ಇತ್ತು. ಹುಡುಗ ಗಾಬರಿಯಾದ.

"ಚೂರು ಬಂದ್ರೆ ಹೆದರ್ಕೋಬೇಕು. ಪುಡಿ ಬಂದ್ರೆ ಒಳ್ಳೇದು. ಹೊಸ್ದು ಹಳೇದಕ್ಕೆ ಕೂತ್ಕಂತಾ ಐತೆ," ಎಂದು ಕೈ ಒರೆಸಿಕೊಂಡು ಹೊಸ ಎಣ್ಣೆಯ ಡಬ್ಬಕ್ಕೆ ಕೈ ಹಾಕಿದರು.